ಠರಾವಿನ ಮೊದಲ ಸಾಲು

ಹೆಬ್ಬಾತುಗಳನ್ನು ಸಾಕಿದವಳು ನಾನು. ಅವುಗಳ ಗರಿ ಕಿತ್ತು, ಬಿಸಿ ಮರಳಿನಲ್ಲಿ ಹದ ಮಾಡಿ, ತುದಿ ಸೀಳಿ ಲೇಖನಿ ಮಾಡಿದವಳೂ ನಾನೇ. ಆದರೆ ಊರಿನವರೆಲ್ಲ ಹೊಗಳುತ್ತಿದ್ದುದು ಜೆರುಶಾಳ ಅಕ್ಷರವನ್ನು.

ಜೆರುಶಾ ನನ್ನ ಚಿಕ್ಕಪ್ಪನ ಮಗಳು, ನನಗಿಂತ ಮೂರೇ ತಿಂಗಳು ದೊಡ್ಡವಳು. ಅಪ್ಪ ಅಮ್ಮ ಸಿಡುಬಿನಲ್ಲಿ ಹೋದ ಮೇಲೆ ಎಂಟನೆಯ ವಯಸ್ಸಿಗೆ ನಾನು ಈ ಮನೆಗೆ ಬಂದೆ. ಶಾಲೆ ಅಲ್ಲಿಗೆ ಮುಗಿಯಿತು. ನಮ್ಮ ಮ್ಯಾಸಚೂಸೆಟ್ಸ್ ಕಡೆ ಹೆಣ್ಣುಮಕ್ಕಳಿಗೆ ಬೈಬಲ್ ಓದುವಷ್ಟು ಕಲಿಸುತ್ತಾರೆ, ಬರೆಯುವುದಕ್ಕೆ ಬೇರೆ ಮೇಷ್ಟ್ರು ಬೇಕು. ಜೆರುಶಾಗೆ ಎರಡು ಚಳಿಗಾಲ ಆ ಮೇಷ್ಟ್ರು ಸಿಕ್ಕರು. ನನಗೆ ಸಿಕ್ಕಿದ್ದು ಹಾಲು ಕರೆಯುವ ಬಕೆಟ್ಟು.

ಚಿಕ್ಕಪ್ಪ ಎಲ್ನೇಥನ್ ಊರಸಭೆಯ ಗುಮಾಸ್ತರು. ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಜೆರುಶಾ ಬರೆಯುತ್ತಿದ್ದಳು, ಅವರು ಸಹಿ ಹಾಕುತ್ತಿದ್ದರು. ಅವರ ಪೆಟ್ಟಿಗೆಯ ಹಳೆಯ ಕರಡುಗಳನ್ನು ಧೂಳು ಒರೆಸುವ ನೆಪದಲ್ಲಿ ನಾನು ಓದಿದ್ದೆ. ಇಂಗ್ಲೆಂಡಿನವರು ನಮ್ಮ ಕಾಗದಗಳ ಮೇಲೆ ಸ್ಟಾಂಪ್ ತೆರಿಗೆ ಹಾಕಿದ ವರ್ಷ ಅಲ್ಲಿನ ರಾಜನಿಗೆ ಬರೆದದ್ದರಲ್ಲಿ ‘ತಮ್ಮ ಪಾದಕ್ಕೆ ಬಿದ್ದು ಬೇಡಿಕೊಳ್ಳುತ್ತೇವೆ’ ಎಂದಿತ್ತು. ಆಮೇಲಿನದರಲ್ಲಿ ಪಾದ ಹೋಗಿ ಬೇಡುವುದು ಮಾತ್ರ ಉಳಿದಿತ್ತು. ರಾಜ ನೇಮಿಸಿದ ಗವರ್ನರ್ ನಮ್ಮ ಶಾಸನಸಭೆಯನ್ನು ವಿಸರ್ಜಿಸಿದ ವರ್ಷ ಅದು ‘ಎಚ್ಚರಿಸುತ್ತೇವೆ’ ಎಂದಾಗಿತ್ತು. ಈಗ, ೧೭೭೬ರ ಮೇ ತಿಂಗಳಲ್ಲಿ, ಶಾಸನಸಭೆ ಊರೂರಿಗೂ ಒಂದು ಪ್ರಶ್ನೆ ಕಳಿಸಿತ್ತು: ಸ್ವಾತಂತ್ರ್ಯ ಸಾರಿದರೆ ಪ್ರಾಣ, ಆಸ್ತಿ ಪಣವಿಟ್ಟು ಜೊತೆಗೆ ನಿಲ್ಲುತ್ತೀರಾ? ನಮ್ಮೂರಿನ ಉತ್ತರವನ್ನು ಜೆರುಶಾ ಶುದ್ಧಪ್ರತಿ ಮಾಡಬೇಕಿತ್ತು.

ಸಭೆಯ ದಿನ ಮಧ್ಯಾಹ್ನ ಅವಳು ಬರೆದು ಮುಗಿಸಿ, ಶಾಯಿ ಹತ್ತಿದ ಬೆರಳುಗಳನ್ನು ನನ್ನ ಮುಖದ ಮುಂದೆ ಆಡಿಸಿದಳು.

“ನೋಡೇ ಕೆಜಾಯಾ, ಎಷ್ಟು ತಿಕ್ಕಿದ್ರೂ ಹೋಗಲ್ಲ.”

“ಪಾತ್ರೆ ತಿಕ್ಕು, ಹೋಗುತ್ತೆ,” ಅಂದೆ.

“ಅಬ್ಬಾ, ನಿನಗೂ ಬಾಯಿ ಇದೆ!” ಎಂದು ನಕ್ಕಳು. “ಅಪ್ಪ ಆಗಲೇ ಹೋದ್ರು. ಇದನ್ನ ಸಭೆಗೆ ಕೊಟ್ಟು ಬಾರೇ. ಮಡಚಬೇಡ, ಇನ್ನೂ ಹಸಿ ಇದೆ.”

ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಡೆದೆ. ಓದದಿರಲು ಆಗಲಿಲ್ಲ. ಮೊದಲ ಸಾಲಿನಲ್ಲೇ ನಿಂತುಬಿಟ್ಟೆ.

‘ಮಹಾಪ್ರಭು ರಾಜರ ಹೆಸರಿನಲ್ಲಿ.’

ಊರಿನ ಪ್ರತಿಯೊಂದು ಕಾಗದವೂ ಶುರುವಾಗುತ್ತಿದ್ದುದು ಹಾಗೆಯೇ. ರಾಜನ ಹೆಸರು ಇನ್ನು ಬೇಡ ಎಂದು ಶಾಸನಸಭೆ ಈ ತಿಂಗಳಷ್ಟೇ ಕಾನೂನು ಮಾಡಿತ್ತು. ಕರಡಿನಲ್ಲಿ ಆ ಸಾಲು ಇರಲಿಲ್ಲ, ನಾನು ನೋಡಿದ್ದೆ. ಜೆರುಶಾಳ ಕೈ ಅಭ್ಯಾಸದ ಮೇಲೆ ಬರೆದುಬಿಟ್ಟಿತ್ತು. ಕೆಳಗೆ, ಅದೇ ಚಂದದ ಅಕ್ಷರದಲ್ಲಿ, ರಾಜನ ನೊಗ ಕಿತ್ತೆಸೆಯುತ್ತೇವೆ ಎಂದಿತ್ತು.

ಮನೆ ಇನ್ನೂ ಕಾಣುತ್ತಿತ್ತು. ಕೂಗಿದ್ದರೆ ಅವಳಿಗೆ ಕೇಳುತ್ತಿತ್ತು. ಇಡೀ ಊರು ಅವಳ ಅಕ್ಷರ ನೋಡಿ ನಗುವುದನ್ನು ಒಮ್ಮೆ ನೆನೆದೆ. ಹೊಟ್ಟೆಯೊಳಗೆ ಬೆಚ್ಚಗಾಯಿತು. ಮುಂದೆ ನಡೆದೆ.

ಸಭೆಯ ಅಧ್ಯಕ್ಷರು ನಮ್ಮ ಚರ್ಚಿನ ಡೀಕನ್ ಪೆಲೆಟಾಯ. ಅವರು ಕಾಗದ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. ನಾನು ಬಾಗಿಲ ಬಳಿ ನಿಂತೆ.

“ಮಹಾಪ್ರಭು ರಾಜರ ಹೆಸರಿನಲ್ಲಿ...”

ಯಾರೂ ನಗಲಿಲ್ಲ. ರಾಜನ ಹೆಸರು ಕೇಳಿ ಮೂರು ನಾಲ್ಕು ಮುದುಕರ ಕೈ ತಾನಾಗಿ ಹೋಗಿ ಟೋಪಿ ತೆಗೆಯಿತು. ಡೀಕನ್ನರು ಅದೇ ರಾಗದಲ್ಲಿ ಕೊನೆಯವರೆಗೂ ಓದಿದರು. ಎಲ್ಲರೂ ಒಪ್ಪಿಗೆಯೆಂದು ಕೈ ಎತ್ತಿದರು.

“ಎಂಥಾ ಅಕ್ಷರ, ಎಲ್ನೇಥನ್ನವರೇ! ಮುತ್ತು ಪೋಣಿಸಿದಾಳೆ ನಿಮ್ಮ ಮಗಳು,” ಎಂದರು ಡೀಕನ್ನರು.

ನನಗೆ ಅಳುವೇ ಬಂತು. ಅವಳ ತಪ್ಪು ಕೂಡ ಚಂದವೇ!

ಚಿಕ್ಕಪ್ಪ ಲೇಖನಿ ಅದ್ದಿದರು. ನಡುಗುವ ಕೈ ಕಾಗದದ ಕಡೆ ಬಂತು. ಆಗ ಹೊಳೆಯಿತು: ಕೆಳಗೆ ಬೀಳುವುದು ಜೆರುಶಾಳ ಹೆಸರಲ್ಲ, ಚಿಕ್ಕಪ್ಪನದು. ರಾಜನ ಕಡೆಯವನೆಂದು ಹೋದ ತಿಂಗಳು ನಮ್ಮ ಬೀದಿಯ ಟೋಪಿ ಹೊಲಿಯುವವನ ಕಿಟಕಿಗಳನ್ನು ಒಂದೂ ಬಿಡದೆ ಒಡೆದಿದ್ದರು. ಶಾಸನಸಭೆಯವರು ಇದನ್ನು ಓದಿದರೆ ನಮ್ಮ ಕಿಟಕಿಗಳ ಗತಿ?

“ರಾಜ ಇದಾನೆ,” ಅಂದೆ. ಯಾರಿಗೂ ಕೇಳಲಿಲ್ಲ. “ಚಿಕ್ಕಪ್ಪಾ! ಸಹಿ ಹಾಕಬೇಡಿ! ಮೊದಲನೇ ಸಾಲಲ್ಲಿ ರಾಜ ಕೂತಿದಾನೆ!”

ತಲೆಗಳೆಲ್ಲ ತಿರುಗಿದವು. ಡೀಕನ್ನರು ಕಾಗದವನ್ನು ಮೂಗಿನ ಹತ್ತಿರ ಹಿಡಿದರು, ಕೆಂಪಾದರು.

“ಅಯ್ಯೋ ದೇವರೇ, ನಾನೇ ಓದಿದೆನಲ್ಲೋ!”

“ಓದಿದ್ದು ನೀವು, ಟೋಪಿ ತೆಗೆದದ್ದು ನಾನು,” ಎಂದ ಹಿಂದಿನ ಬೆಂಚಿನ ಮುದುಕ. ಸಭೆ ಬಿದ್ದು ಬಿದ್ದು ನಕ್ಕಿತು. ಅವರು ನಕ್ಕದ್ದು ತಮ್ಮನ್ನು ನೋಡಿ, ಜೆರುಶಾಳನ್ನಲ್ಲ.

ಕಾಗದ ಒಯ್ಯುವ ಸವಾರ ಹೊರಗೆ ಕಾಯುತ್ತಿದ್ದ, ಮತ್ತೆ ಬರೆಸಲು ಹೊತ್ತಿರಲಿಲ್ಲ. ಚಿಕ್ಕಪ್ಪ ಲೇಖನಿಯನ್ನು ನನ್ನ ಕಡೆ ಚಾಚಿದರು. “ನನ್ನ ಕೈ ನಿಲ್ಲಲ್ಲ ಮಗಾ. ಕಂಡವಳು ನೀನು, ನೀನೇ ಹೊಡೆದುಹಾಕು.”

ಗೆರೆ ಎಳೆದೆ. ಒತ್ತಿ ಎಳೆದದ್ದಕ್ಕೆ ತುದಿ ಸೀಳಿ ಶಾಯಿ ಹರಡಿತು.

ಮನೆಗೆ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಜೆರುಶಾ ಒಲೆಯ ಪಕ್ಕ ಅಳುತ್ತಿದ್ದಳು. ನನ್ನನ್ನು ಕಂಡದ್ದೇ ಬಂದು ತಬ್ಬಿಕೊಂಡಳು.

“ಅಪ್ಪನ್ನ ಉಳಿಸಿದೆ ಕಣೇ. ಅಷ್ಟು ಜನದ ಮುಂದೆ, ನೀನು!” ಮೂಗು ಒರೆಸಿಕೊಂಡು ಕೇಳಿದಳು, “ಡೀಕನ್ನರು ಓದಿದಾಗಲೇ ಅಲ್ವಾ ನಿನಗೆ ಗೊತ್ತಾಗಿದ್ದು?”

“ಹೂಂ,” ಅಂದೆ.

ಅವಳು ನಂಬಿದಳು. ಮರುಮಾತಿಲ್ಲದೆ, ಪೂರ್ತಿ ನಂಬಿದಳು. ಹಾಗೆ ನಂಬುವುದನ್ನು ಇವಳಿಗೆ ಯಾವ ಮೇಷ್ಟ್ರು ಕಲಿಸಿದರೋ ಎಂದು ಅವಳ ಭುಜದ ಮೇಲೆ ಗಲ್ಲವಿಟ್ಟು ಕರುಬಿದೆ.