ಆಲೂಗಡ್ಡೆ ಬೆಸುಗೆ

ನಿಶಿವಾಕಿ ಚಿಜುರುಗೆ ಆ ಪತ್ರ ಬಂದದ್ದು ಗುರುವಾರ ಮಧ್ಯಾಹ್ನ, ಉದೋನ್ ಶಾವಿಗೆ ಕುದಿಯಲು ಇಟ್ಟು ಫೋನ್ ಕೈಗೆತ್ತಿಕೊಂಡಾಗ. ಓದಿ ಮುಗಿಸುವುದರೊಳಗೆ ಪಾತ್ರೆ ಉಕ್ಕಿ ಒಲೆ ಆರಿಹೋಗಿತ್ತು. ಅವಳು ಮೊದಲು ಒಲೆಯನ್ನು ಬೈದಳು, ಆಮೇಲೆ ಪತ್ರವನ್ನು. ಒಲೆಗೆ ಎರಡು ಮಾತು ಸಾಕಾಯಿತು. ಪತ್ರಕ್ಕೆ ಸಾಲಲಿಲ್ಲ.

“ತಾವು ಕಳಿಸಿದ ಫೋಟೋವನ್ನು ಪರಿಶೀಲಿಸಲಾಯಿತು. ಚಿಪ್‌ನ ಕಾಲುಗಳಿಗೆ ಹಾಕಿದ ಬೆಸುಗೆ ಸಾಲದು. ಮಾದರಿ ಫೋಟೋದಲ್ಲಿ ಇರುವಂತೆ ತುಂಬಿ, ಭಾನುವಾರದ ಸಭೆಗೆ ಹೊಸ ಫೋಟೋ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು.”

ಬೆಸುಗೆ ಸಾಲದಂತೆ. ಟಿವಿ ಕಾರ್ಖಾನೆಯ ಬೆಸುಗೆ ಸಾಲಿನಲ್ಲಿ ಹತ್ತೊಂಬತ್ತು ವರ್ಷ ಕೂತವಳಿಗೆ, ಕಾರ್ಖಾನೆ ಮುಚ್ಚಿದ ಮೇಲೆ ಒಸಾಕಾದ ನಿಪ್ಪೊನ್‌ಬಾಶಿಯ ಈ ಮಹಡಿಯಲ್ಲಿ ಒಂಬತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವಳಿಗೆ.

ಅವಳ ಕೆಲಸ ಇದು. ಮೂವತ್ತು ವರ್ಷದ ಹಿಂದಿನ ವಿಡಿಯೊ ಆಟದ ಪೆಟ್ಟಿಗೆಗಳು ದಪ್ಪ ಟಿವಿಯ ಕಾಲದವು. ಈಗಿನ ತೆಳು ಟಿವಿಗೆ ಸಿಕ್ಕಿಸಿದರೆ ಚಿತ್ರ ನೀರಿಗೆ ಬಿದ್ದ ಬಣ್ಣದ ಹಾಗೆ ಕದಡುತ್ತದೆ. ಅದಕ್ಕೆ ಪೆಟ್ಟಿಗೆ ಬಿಚ್ಚಿ, ಚಿತ್ರ ತಯಾರಿಸುವ ಚಿಪ್‌ನ ಕಾಲುಗಳ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಒಂದು ಹಾಳೆ ಕೂರಿಸಬೇಕು. ಹಾಳೆಯ ಅಂಚಿನಲ್ಲಿ ಸಾಲಾಗಿ ತಾಮ್ರದ ನಾಲಿಗೆಗಳಿರುತ್ತವೆ. ಒಂದೊಂದು ನಾಲಿಗೆಯನ್ನು ಒಂದೊಂದು ಕಾಲಿಗೆ ಬೆಸೆಯಬೇಕು. ಎರಡು ಕಾಲುಗಳ ನಡುವೆ ಸಾಸಿವೆ ಕಾಳು ಹಿಡಿಸುವಷ್ಟೂ ಜಾಗವಿಲ್ಲ. ಹಾಗೆ ಬೆಸೆದರೆ ಚಿತ್ರ ಕೆಡುವ ಮೊದಲೇ ಅದನ್ನು ಹಿಡಿದು ಒಂದು ಪುಟ್ಟ ಬೋರ್ಡಿಗೆ ಸಾಗಿಸಿ, ಎಚ್‌ಡಿಎಂಐ ತಂತಿಯಲ್ಲಿ ಹೊರಗೆ ಬಿಡಬಹುದು. ಆಗ ಚಿತ್ರ ತೊಳೆದಿಟ್ಟ ಹಾಗೆ ಕಾಣುತ್ತದೆ.

ಆ ಬೋರ್ಡು ಮತ್ತು ಹಾಳೆಯನ್ನು ಹೊಕ್ಕೈಡೊದಲ್ಲಿ ಒಬ್ಬನೇ ಒಬ್ಬ ಮಾಡುತ್ತಾನೆ. ಕೈಬಾರದವರು ಹಚ್ಚಿ ಹಾಳುಮಾಡಿ ತನ್ನ ಹೆಸರು ಕೆಡಿಸುತ್ತಾರೆಂದು ಅವನು ಸಿಕ್ಕವರಿಗೆಲ್ಲ ಮಾರುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಪಟ್ಟಿ ನೋಡಿಕೊಳ್ಳಲು ಒಸಾಕಾದಲ್ಲಿ ಮೂರು ಜನರ ಸಮಿತಿ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಒಂದು ಕೆಲಸದ ಫೋಟೋ ಕಳಿಸಬೇಕು. ಹೆಸರು ಹೋದರೆ ಬೋರ್ಡಿಲ್ಲ. ಬೋರ್ಡಿಲ್ಲದಿದ್ದರೆ ಚಿಜುರುವಿನ ಅಂಗಡಿಗೆ ಬೀಗ.

ಉದೋನ್ ಇನ್ನೇನು ತಿನ್ನಬೇಕು, ಓಗಿನೊ ಮೆಟ್ಟಿಲು ಹತ್ತಿ ಬಂದ. ಎಪ್ಪತ್ತು ದಾಟಿದವನು, ಎರಡು ಬೀದಿ ಆಚೆ ಸಾರ್ವಜನಿಕ ಸ್ನಾನದ ಮನೆ ನಡೆಸುತ್ತಾನೆ. ಸ್ನಾನ ಮುಗಿಸಿದವರು ತಣ್ಣನೆ ಹಾಲು ಕುಡಿಯುತ್ತ ಬೇಸ್‌ಬಾಲ್ ಆಡಲೆಂದು ಅಲ್ಲೊಂದು ಹಳೆ ಪೆಟ್ಟಿಗೆ ಇಟ್ಟಿದ್ದ. ದಪ್ಪ ಟಿವಿ ಸತ್ತಮೇಲೆ ಪೆಟ್ಟಿಗೆಯನ್ನು ಚಿಜುರುವಿನ ಕೈಗೆ ಕೊಟ್ಟಿದ್ದ. ಅವಳು ಸಮಿತಿಗೆ ಕಳಿಸಿದ್ದು ಅದರದೇ ಫೋಟೋ.

“ಏನೇ ಚಿಜುರು, ಉಪ್ಪು ಹಾಕಿದ ಹುಳಿ ಪ್ಲಮ್ ಕಚ್ಚಿದವಳ ಹಾಗೆ ಮುಖ ಮಾಡ್ಕೊಂಡಿದೀಯ?”

“ಓದು ಮಾವ.” ಫೋನ್ ಮುಂದೆ ತಳ್ಳಿದಳು.

ಓಗಿನೊ ಕನ್ನಡಕ ಹಣೆಗೇರಿಸಿ ಓದಿದ. “ಇಷ್ಟೇನಾ? ಒಂಚೂರು ಜಾಸ್ತಿ ಹಾಕಿಬಿಡು. ನಿಂಗೇನು ಗಂಟು ಹೋಗ್ತದೆ?”

“ನಿನ್ನ ಸ್ನಾನದ ಮನೇಲಿ ಬಿಸಿನೀರು ಸಾಲದು, ಇನ್ನಷ್ಟು ಕುದಿಸು ಅಂದ್ರೆ ಕುದಿಸ್ತೀಯಾ?”

“ಜನ ಬೆಂದುಹೋಗ್ತಾರೆ.”

“ಇದೂ ಅಷ್ಟೆ.”

ಭೂತಗನ್ನಡಿ ಎಳೆದು ಅವನ ಪೆಟ್ಟಿಗೆಯ ಒಳಗನ್ನು ತೋರಿಸಿದಳು. ಒಂದೊಂದು ಕಾಲಿನ ಬುಡದಿಂದ ನಾಲಿಗೆಯವರೆಗೆ ಬೆಸುಗೆ ಗುಡ್ಡದ ಇಳಿಜಾರಿನ ಹಾಗೆ ತೆಳ್ಳಗೆ ಹರಿದಿತ್ತು. ಕಾಲಿನ ಆಕಾರ ಅದರೊಳಗೆ ಸ್ಪಷ್ಟ ಕಾಣುತ್ತಿತ್ತು.

“ಅವರಿಗೆ ಬೇಕಾಗಿರೋದು ಮಣಿ ಮಣಿ ಥರ ಉಬ್ಬಿರೋದು. ನಮ್ಮ ಕಾರ್ಖಾನೇಲಿ ಅದಕ್ಕೆ ಆಲೂಗಡ್ಡೆ ಅಂತಿದ್ರು. ಮೇಲ್ವಿಚಾರಕಿ ಬಾಬಾ ಅಂತ ಇದ್ಲು, ಒಂದು ಆಲೂಗಡ್ಡೆ ಕಂಡ್ರೆ ಇಡೀ ತಟ್ಟೆ ವಾಪಸ್ ತಳ್ಳೋಳು. ಯಾಕೆ ಹೇಳು?”

“ನಾನು ನೀರು ಕಾಯಿಸೋನು, ನಂಗೇನು ಗೊತ್ತು?”

“ಒಬ್ಬ ತಲೆತುಂಬ ಕಂಬಳಿ ಹೊದ್ದು ಮಲಗಿದಾನೆ. ಬದುಕಿದಾನೋ ಸತ್ತಿದಾನೋ ಹೇಗೆ ಗೊತ್ತಾಗ್ಬೇಕು? ಆಲೂಗಡ್ಡೆ ಹಾಗೆ. ಒಳಗೆ ಅಂಟಿದೆಯೋ, ಸುಮ್ನೆ ಮೇಲೆ ಕೂತಿದೆಯೋ ಕಾಣಲ್ಲ.”

“ಹಾಗಾದ್ರೆ ಅದನ್ನೇ ಹೋಗಿ ಹೇಳು. ಭಾನುವಾರ ನಾನೂ ಬರ್ತೀನಿ, ಪೆಟ್ಟಿಗೆ ನಂದು.” ಹೋಗುವಾಗ ತಿರುಗಿ, “ಆದ್ರೆ ಕೈ ಎತ್ತಬೇಡ ತಾಯಿ,” ಎಂದ.

ಸಭೆ ನಡೆಯುವುದು ಒಂದು ಕಾಫಿ ಅಂಗಡಿಯ ಮಹಡಿಯಲ್ಲಿ, ಮಧ್ಯಾಹ್ನ ಎರಡಕ್ಕೆ. ಇಪ್ಪತ್ತು ಜನ ಬೆಸುಗೆಗಾರರು ಬಂದಿದ್ದರು, ಹೆಚ್ಚಿನವರು ವಾರವೆಲ್ಲ ಬೇರೆ ಕೆಲಸ ಮಾಡಿ ಭಾನುವಾರ ಇದಕ್ಕೆ ಕೂರುವವರು. ಮುಂದಿನ ಮೇಜಿನಲ್ಲಿ ಸಮಿತಿ. ಅಧ್ಯಕ್ಷ ತೊಕುನಾಗ, ವಿಮಾ ಕಂಪನಿಯ ನೌಕರ, ಅಂಗಿಯ ತೋಳಿಗೆ ಇಸ್ತ್ರಿಯ ಗೆರೆ. ಅವನ ಪಕ್ಕ ಇನುಬುಶಿ, ಹಳೆ ಕ್ಯಾಮೆರಾ ರಿಪೇರಿಯವನು, ಚಿಜುರುವಿಗಿಂತ ಐದಾರು ವರ್ಷ ದೊಡ್ಡವನು. ಮೂರನೆಯವನು ನಡಾವಳಿ ಬರೆಯುವವನು. ಅವನ ದನಿಯನ್ನು ಯಾರೂ ಕೇಳಿದ್ದಿಲ್ಲ.

“ನಿಶಿವಾಕಿ ಅವರೆ, ಹೊಸ ಫೋಟೋ ತಂದಿದ್ದೀರಾ?” ತೊಕುನಾಗ ಕೇಳಿದ.

“ಫೋಟೋ ಇಲ್ಲ. ಪೆಟ್ಟಿಗೇನೇ ತಂದಿದೀನಿ. ಕಣ್ಣಲ್ಲೇ ನೋಡಿ.”

“ನಿಯಮದಲ್ಲಿ ಫೋಟೋ ಮಾತ್ರ ನೋಡೋದು ಅಂತ ಇದೆ.”

“ನಿಮ್ಮ ಹೆಂಡತೀನೂ ಫೋಟೋದಲ್ಲೇ ನೋಡಿ ಮುಗಿಸಿದ್ರಾ?”

ಹಿಂದೆ ಯಾರೋ ಕಿಸಕ್ಕೆಂದರು. ಓಗಿನೊ ಅವಳ ತೋಳು ಜಗ್ಗಿದ. ತೊಕುನಾಗ ನಗಲಿಲ್ಲ. ಅವಳ ಫೋಟೋವನ್ನು ಗೋಡೆಯ ಮೇಲೆ ದೊಡ್ಡದು ಮಾಡಿ ತೋರಿಸಿದ. “ಇಲ್ಲಿ ನೋಡಿ. ಕಾಲಿನ ಆಕಾರ ಪೂರ್ತಿ ಕಾಣ್ತಾ ಇದೆ. ಬೆಸುಗೆ ಸರಿಯಾಗಿದ್ರೆ ಮುಚ್ಚಿಕೊಳ್ತಿತ್ತು.”

“ಕಾಣಬೇಕು ಸ್ವಾಮಿ. ಕಾಣಲಿ ಅಂತಲೇ ಹಾಗೆ ಮಾಡಿರೋದು.”

“ಮಾದರಿ ಹಾಗಿಲ್ಲ.”

“ಆ ಮಾದರಿ ಯಾರ ಕೈಕೆಲಸ?”

“ನನ್ನದು,” ಎಂದ ತೊಕುನಾಗ. ಮೇಜಿನ ಮೇಲೆ ಸ್ಪಂಜು ಹಾಸಿದ ಡಬ್ಬಿಯಲ್ಲಿ ಆ ಮಾದರಿ ಪೆಟ್ಟಿಗೆ ಕೂತಿತ್ತು, ಒಳಗೆಲ್ಲ ಕಾಣುವಂತೆ ಗಾಜಿನಂಥ ಹೊದಿಕೆ ಹಾಕಿ. ಸಾಲು ಮಣಿಗಳು ಮುತ್ತಿನ ಹಾರದ ಹಾಗೆ ಹೊಳೆಯುತ್ತಿದ್ದವು. ಚಂದವಾಗಿದ್ದವು, ಅದನ್ನು ಚಿಜುರು ಮನಸ್ಸಿನಲ್ಲಿ ಒಪ್ಪಿಕೊಂಡಳು. ಅದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಚೀಲದಿಂದ ಒಂದು ಹೊಲಿಗೆ ಸೂಜಿ ತೆಗೆದಳು. ಊಟದ ಕಡ್ಡಿಯ ತುಂಡಿಗೆ ಚುಚ್ಚಿ ಹಿಡಿಕೆ ಮಾಡಿದ್ದು. “ಕಾರ್ಖಾನೇಲಿ ಫೋಟೋ ಇರ್ಲಿಲ್ಲ. ಇದಿತ್ತು. ಪ್ರತಿ ನಾಲಿಗೆಯನ್ನೂ ಪಕ್ಕದಿಂದ ಮೆಲ್ಲಗೆ ತಳ್ಳೋದು. ಅಂಟಿದ್ರೆ ಅಲ್ಲಾಡಲ್ಲ. ಮೊದಲು ನಂದು.”

ಓಗಿನೊನ ಪೆಟ್ಟಿಗೆ ಬಿಚ್ಚಿ, ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವ ಕ್ಯಾಮೆರಾದ ಕೆಳಗಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೂಜಿ ನಡೆಸಿದಳು. ಒಂದೂ ಅಲುಗಲಿಲ್ಲ. ಜನ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

“ಈಗ ನಿಮ್ದು. ಮುಟ್ಟಲಾ?”

ಬೇಡ ಎನ್ನಲು ದಾರಿಯಿಲ್ಲದೆ ತೊಕುನಾಗ ಹೊದಿಕೆ ಬಿಚ್ಚಿಕೊಟ್ಟ. ಸೂಜಿ ಹೋಯಿತು. ಒಂದು, ಎರಡು, ಹತ್ತು, ಹದಿನಾರು. ಹದಿನೇಳನೆಯದರ ಹತ್ತಿರ ಮಣಿಯೂ ನಾಲಿಗೆಯೂ ಒಟ್ಟಿಗೆ ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಚಿಜುರು ಅದನ್ನು ಇನ್ನೊಮ್ಮೆ ಅಲ್ಲಾಡಿಸಿದಳು. ಒಮ್ಮೆ ಸಾಕಾಗಿತ್ತು, ಇನ್ನೊಮ್ಮೆ ಬೇಕಿರಲಿಲ್ಲ. ಆದರೂ ಅಲ್ಲಾಡಿಸಿದಳು.

ತೊಕುನಾಗನ ಕಿವಿ ಕೆಂಪಾಯಿತು. “ಎರಡು ವರ್ಷದಿಂದ ಒಂದು ದಿನಾನೂ ಚಿತ್ರ ಕೆಟ್ಟಿಲ್ಲ.”

“ತಾಗಿಕೊಂಡಿದೆ. ಅಂಟಿಕೊಂಡಿಲ್ಲ. ನಿಮ್ಮನೇಲಿ ಏಸಿ ಇದೆ. ಈ ಮಾವನ ಸ್ನಾನದ ಮನೆ ಸೆಕೇಲಿ ಇಡಿ, ಒಂದು ವಾರ ಬಾಳಲಿ ನೋಡೋಣ.”

“ಹತ್ತು ನಿಮಿಷ ಬಿಡುವು,” ಎಂದ ತೊಕುನಾಗ.

ಬಿಡುವಿನಲ್ಲಿ ಇನುಬುಶಿ ಅವಳನ್ನು ಮೆಟ್ಟಿಲ ಹತ್ತಿರ ಕರೆದ. ಕೈಯಲ್ಲಿ ಅವಳಿಗೂ ಒಂದು ಕಾಫಿ ತಂದಿದ್ದ.

“ನೀನು ಹೇಳಿದ್ದು ಸರಿ ಕಣಮ್ಮ. ಗೊತ್ತಿರೋರಿಗೆಲ್ಲ ಗೊತ್ತು. ಆದ್ರೆ ಇಷ್ಟು ದಿನ ಅವನ ಮುಂದೆ ಯಾರೂ ಹೀಗೆ ಅಲ್ಲಾಡಿಸಿರ್ಲಿಲ್ಲ. ಒಂದು ಕೆಲಸ ಮಾಡು. ಫೋಟೋಗೆ ಮುಂಚೆ ಒಂದೊಂದು ಹನಿ ಜಾಸ್ತಿ ಹಾಕು. ಫೋಟೋ ತೆಗಿ. ಆಮೇಲೆ ಕಾಯಿಸಿ, ಹೆಚ್ಚಿದ್ದನ್ನ ಹೀರಿ ತೆಗೆದುಬಿಡು. ಯಾರು ನೋಡ್ತಾರೆ?”

“ಹಾಗೆ ಯಾರು ಮಾಡ್ತಾರೆ?”

ಇನುಬುಶಿ ಕಾಫಿ ಊದಿದ. “ಎಲ್ಲರೂ. ನೀನೊಬ್ಬಳನ್ನ ಬಿಟ್ಟು.”

ಚಿಜುರು ಬಾಗಿಲಿಂದ ಒಳಗೆ ನೋಡಿದಳು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನರ ಕೈ ಅವಳಿಗೆ ಗೊತ್ತಿತ್ತು, ಒಳ್ಳೆಯ ಕೈಗಳು. ಒಪ್ಪಿಕೊಂಡರೆ ಅರ್ಧ ಗಂಟೆಯ ಕೆಲಸ. ಹೆಸರು ಉಳಿಯುತ್ತದೆ, ಬೋರ್ಡು ಬರುತ್ತದೆ, ಅಂಗಡಿ ನಡೆಯುತ್ತದೆ. ಐವತ್ತನಾಲ್ಕರಲ್ಲಿ ಅವಳಿಗೆ ಬೇರೆ ಯಾವ ಕೆಲಸವೂ ಬರದು. ಇದೆಲ್ಲ ಅವಳ ತಲೆಯಲ್ಲಿ ಬಂದು ಹೋಯಿತು. ಆಮೇಲೆ ಓಗಿನೊ ಕಂಡ. ಕುರ್ಚಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ.

ಅವಳು ಕಾಫಿ ಮುಟ್ಟದೆ ಒಳಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಫೋಟೋಗೆ ಒಂದು, ಕೆಲಸಕ್ಕೆ ಒಂದು ಮಾಡ್ತೀರಂತೆ ಎಲ್ಲರೂ. ಪೆಟ್ಟಿಗೆ ಒಳಗಿರೋದು ಮೂವತ್ತು ವರ್ಷದ ಬೋರ್ಡು. ಒಂದ್ಸಲ ಬಿಸಿ ತಡಕೊಳ್ಳೋದೇ ದೊಡ್ಡದು. ಹಾಕೋಕೆ ಒಂದ್ಸಲ, ಉಬ್ಬಿಸೋಕೆ ಒಂದ್ಸಲ, ಹೀರೋಕೆ ಒಂದ್ಸಲ ಸುಟ್ರೆ ತಾಮ್ರ ಎದ್ದು ಬರುತ್ತೆ. ನಿಮಗೂ ಗೊತ್ತು. ಪೆಟ್ಟಿಗೆ ಯಾರದ್ದು? ಗಿರಾಕಿದು. ನಮ್ಮ ಫೋಟೋ ಚಂದ ಬರ್ಲಿ ಅಂತ ಅವನ ಬೋರ್ಡು ಯಾಕೆ ಸುಡ್ಬೇಕು?”

ಹೌದು ಎಂದು ಒಬ್ಬನಾದರೂ ಎದ್ದು ನಿಲ್ಲುತ್ತಾನೆಂದು ಅವಳು ಕಾದಳು. ಕಾಫಿಯ ಬಟ್ಟಲಿನಲ್ಲಿ ಅಷ್ಟೊಂದು ನೋಡುವುದಕ್ಕೆ ಏನಿರುತ್ತದೋ, ಎಲ್ಲರೂ ಅದನ್ನೇ ನೋಡುತ್ತಿದ್ದರು. ಇನುಬುಶಿಯೂ.

ಅವಳ ದನಿಗೆ ಎಚ್ಚೆತ್ತಿದ್ದ ಓಗಿನೊ ಪೆಟ್ಟಿಗೆಯನ್ನು ಎದೆಗೆ ಅಪ್ಪಿಕೊಂಡ. “ನನ್ನದನ್ನ ಇನ್ನು ಯಾರೂ ಸುಡೋದು ಬೇಡ,” ಎಂದ. ಸಿಕ್ಕ ಬೆಂಬಲ ಅಷ್ಟೆ.

ತೊಕುನಾಗ ಕಾಗದ ಸರಿಮಾಡಿಕೊಂಡ. “ಹಾಗಾದ್ರೆ ನಿಯಮದ ಪ್ರಕಾರ ನಿಶಿವಾಕಿ ಅವರ ಹೆಸರು...”

“ತೆಗೀರಿ. ಆದ್ರೆ ಕಾರಣ ಬರೀರಿ.”

“ಬೆಸುಗೆ ಸಾಲದು ಅಂತ...”

“ಸೂಜಿಗೆ ಅಲ್ಲಾಡಲಿಲ್ಲ, ಫೋಟೋಗೆ ಉಬ್ಬಿಸಲಿಲ್ಲ, ಅದಕ್ಕೆ ತೆಗೆದಿದ್ದು ಅಂತ ಬರೀರಿ. ಪಟ್ಟಿ ಹಾಕೋ ಜಾಗದಲ್ಲೇ ಬರೀಬೇಕು.” ನಡಾವಳಿಯವನ ಹತ್ತಿರ ಹೋಗಿ ಅವನ ಹೆಗಲ ಹಿಂದೆ ನಿಂತಳು. “ಬರಿಯಪ್ಪ. ನಂಗೇನು ಅವಸರ ಇಲ್ಲ.”

ಅವನು ತೊಕುನಾಗನನ್ನು ನೋಡಿದ. ತೊಕುನಾಗ ಗೋಡೆ ನೋಡಿದ. ಅವನು ಬರೆದ. ಅವಳು ಓದಿ, ಸೂಜಿ ಎತ್ತಿಕೊಂಡು, ಮೆಟ್ಟಿಲಿಳಿದಳು.

ಮನೆಗೆ ಬಂದು ಬುದ್ಧಿಯಿಲ್ಲದ ಕತ್ತೆ ಎಂದು ತನ್ನನ್ನೇ ಬೈದುಕೊಂಡಳು. ಬೆಳಿಗ್ಗೆ ಎದ್ದು ಆ ಬೈಗುಳ ವಾಪಸು ತೆಗೆದುಕೊಂಡಳು.

ಉಳಿದಿದ್ದ ಮೂರು ಬೋರ್ಡು ಒಂದು ತಿಂಗಳಲ್ಲಿ ಮುಗಿದವು. ಹೊಕ್ಕೈಡೊದವನಿಗೆ ಬರೆದ ಪತ್ರಕ್ಕೆ ಎರಡೇ ಸಾಲಿನ ಉತ್ತರ ಬಂತು, ಸಮಿತಿಯ ಮಾತೇ ತನ್ನ ಮಾತು ಎಂದು. ಗಿರಾಕಿಗಳು ಕಡಿಮೆಯಾದರು. ಬೇಸಿಗೆಗೆ ಮುಂಚಿನ ಮಳೆಗಾಲ ಹಿಡಿಯುವಷ್ಟರಲ್ಲಿ ಅವಳು ಬೆಳಗಿನ ಹೊತ್ತು ಉದೋನ್ ಅಂಗಡಿಯೊಂದರಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಅಲ್ಲಿಯೂ ಯಜಮಾನನ ಜೊತೆ ಎರಡು ಸಲ ಜಗಳವಾಯಿತು. ಮಧ್ಯಾಹ್ನ ಬಂದು ಅಂಗಡಿ ತೆರೆಯುತ್ತಿದ್ದಳು, ಗಿರಾಕಿ ಇರಲಿ ಇಲ್ಲದಿರಲಿ.

ಒಂದು ದಿನ ದೊಡ್ಡ ಕಾಗದದಲ್ಲಿ ಬರೆದು ಕೆಳಗಿನ ಬಾಗಿಲಿಗೆ ಅಂಟಿಸಿದಳು. “ನಾನು ಪಟ್ಟಿಯಲ್ಲಿ ಇಲ್ಲ. ಪಟ್ಟಿಯವರ ಕೈಯಲ್ಲಿ ಮಾಡಿಸಿದ್ದನ್ನು ತನ್ನಿ. ನಿಮ್ಮ ಕಣ್ಣೆದುರೇ ಸೂಜಿ ಮುಟ್ಟಿಸಿ ನೋಡುತ್ತೇನೆ. ಅಲ್ಲಾಡಿದರೆ ಕೂರಿಸಿ ಕೊಡುತ್ತೇನೆ.”

ಓಗಿನೊ ಓದಿ ತಲೆ ಕೆರೆದುಕೊಂಡ. “ಇದು ಅಂಗಡಿ ಬೋರ್ಡೋ, ಯುದ್ಧ ಸಾರಿದ್ದೋ?”

“ನೀನು ಹೇಗೆ ಓದಿದ್ರೆ ಹಾಗೆ ಮಾವ.”

ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಒಬ್ಬಳು ಶಾಲಾ ಶಿಕ್ಷಕಿ ಬಂದಳು, ಸೆಕೆ ಶುರುವಾದ ಮೇಲೆ ಅವಳ ಚಿತ್ರದಲ್ಲಿ ಚುಕ್ಕಿ ಮಿನುಗುತ್ತಿತ್ತು. ಎರಡು ನಾಲಿಗೆ ಅಲ್ಲಾಡಿದವು. ಅವಳು ಹೋಗಿ ಇನ್ನಿಬ್ಬರಿಗೆ ಹೇಳಿದಳು. ಬೇಸಿಗೆ ಏರಿದ ಹಾಗೆ ಜನರೂ ಏರಿದರು. ಎಲ್ಲ ಪೆಟ್ಟಿಗೆಯೂ ಕೆಟ್ಟಿರಲಿಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದೇ ಹೇಳಿ, ಮಾಡಿದವನ ಹೆಸರು ಕೇಳಿ, “ಅವನ ಕೈ ಒಳ್ಳೇದು, ಬಾಯಿಲ್ಲ ಅಷ್ಟೆ,” ಎಂದು ಕಳಿಸುತ್ತಿದ್ದಳು.

ಆಗಸ್ಟಿನ ಒಂದು ಮಧ್ಯಾಹ್ನ ಇನುಬುಶಿ ಮೆಟ್ಟಿಲು ಹತ್ತಿ ಬಂದ. ಪೆಟ್ಟಿಗೆಯನ್ನು ತರಕಾರಿ ಚೀಲದಲ್ಲಿ ಹಾಕಿ, ಮೇಲೆ ಒಂದು ಕಂತೆ ಹಸಿ ಈರುಳ್ಳಿ ಇಟ್ಟು ಮುಚ್ಚಿ ತಂದಿದ್ದ.

“ಚುಕ್ಕಿ ಬರ್ತಿದೆ,” ಎಂದ.

“ಯಾರು ಮಾಡಿದ್ದು?”

“ಇನ್ನಾರು, ಅಧ್ಯಕ್ಷರು.”

ಚಿಜುರು ಬಿಚ್ಚಿ ಸೂಜಿ ನಡೆಸಿದಳು. “ಮೂರು ಅಲ್ಲಾಡ್ತಿವೆ. ಒಂದು ಕಡೆ ತಾಮ್ರ ಎದ್ದಿದೆ. ತಂತಿ ಕೊಟ್ಟು ಕೂರಿಸ್ಬೇಕು. ಒಂದು ಗಂಟೆ ಹಿಡಿಯುತ್ತೆ.”

“ನಾನು ಬಂದಿದ್ದನ್ನ ಅವನಿಗೆ ಹೇಳ್ಬೇಡ.”

“ನಾನ್ಯಾಕೆ ಹೇಳ್ಲಿ.”

ಅವಳು ಎದ್ದು ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಕೆಳಗೆ ನಿಪ್ಪೊನ್‌ಬಾಶಿಯ ಬೀದಿ ಬಿಸಿಲಲ್ಲಿ ಗಿಜಿಗುಡುತ್ತಿತ್ತು, ಅದರಲ್ಲಿ ಭಾನುವಾರದ ಸಭೆಯ ಮುಖಗಳೂ ಇದ್ದವು. ಮೂಲೆಯ ಕುರ್ಚಿಯನ್ನು ಎಳೆದು ಕಿಟಕಿಗೆ ತಾಗಿಸಿ ಇಟ್ಟಳು.

“ಕೂತ್ಕೊ ಅಣ್ಣ.”

ಇನುಬುಶಿ ಕುರ್ಚಿ ನೋಡಿದ, ಬೀದಿ ನೋಡಿದ. “ಒಳಗಡೆ ಎಲ್ಲಾದ್ರೂ ಕೂರ್ತೀನಿ.”

“ಒಳಗಡೆ ಜಾಗ ಇಲ್ಲ. ಮೆಟ್ಟಿಲ ಮೇಲೆ ಬಿಸಿಲು. ಪೆಟ್ಟಿಗೆ ಬೇಕಂದ್ರೆ ಇಲ್ಲಿ ಕೂತ್ಕೊ. ಬೇಡ ಅಂದ್ರೆ ಚೀಲಕ್ಕೆ ಹಾಕಿ ಕೊಡ್ತೀನಿ, ಈರುಳ್ಳಿ ಸಮೇತ.”

ಅವನು ಈರುಳ್ಳಿ ಕಂತೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಕೂತ. ಚಿಜುರು ಬೆಸುಗೆಯ ಕಡ್ಡಿ ಬಿಸಿಗಿಟ್ಟು ಬೆನ್ನು ತಿರುಗಿಸಿ ಕೆಲಸಕ್ಕೆ ಕೂತಳು. ಬೀದಿಯಲ್ಲಿ ಯಾರೋ ಇನುಬುಶಿಯ ಹೆಸರು ಹಿಡಿದು ಕೂಗಿದರು. ಅವನು ಕೈ ಎತ್ತಿ ಉತ್ತರ ಕೊಟ್ಟದ್ದು ಗಾಜಿನಲ್ಲಿ ಅವಳಿಗೆ ಕಂಡಿತು. ಅವಳು ಮೊದಲ ನಾಲಿಗೆಗೆ ಬೇಕಾದಷ್ಟೇ ಬೆಸುಗೆ ಹಾಕಿದಳು.