ಹತ್ತನೆಯ ಪೆಟ್ಟಿಗೆ

ಸುವಾರ್ತಾ ಅಪ್ಪನ ಅಳತೆ ತೆಗೆಯುತ್ತಿದ್ದಳು. ಅವನದೇ ಮಡಚುವ ಅಳತೆಕೋಲು. ಹಿಮ್ಮಡಿಯಿಂದ ನೆತ್ತಿಯವರೆಗೆ ಐದು ಅಡಿ ನಾಲ್ಕು ಇಂಚು. ನಾಸಿಕ್ ರೋಡಿನ ಕನ್ನಡ ಕ್ರೈಸ್ತರಿಗೆಲ್ಲ, ಮರಾಠಿ ಕ್ರೈಸ್ತರಲ್ಲೂ ಅರ್ಧಕ್ಕರ್ಧ ಜನಕ್ಕೆ, ಹದಿನೈದು ವರ್ಷ ಶವಪೆಟ್ಟಿಗೆ ಮಾಡಿಕೊಟ್ಟ ಬಡಗಿ ಸಮಾಧಾನಪ್ಪ ತನ್ನ ಅಳತೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಎಷ್ಟಾಯ್ತು?" ಗೋಡೆಗೊರಗಿ ಕೂತಿದ್ದ ತಾಯಿ ನಾಗಮ್ಮ ಕೇಳಿದಳು.

"ಐದು ನಾಕು, ಅವ್ವಾ."

"ನನ್ನ ನೋಡ್ಲಾಕ ಬಂದಾಗ ಐದು ಆರು ಅಂತ ಹೇಳಿದ್ರು." ನಾಗಮ್ಮ ಗಂಡನ ಮುಖ ನೋಡಿದಳು. "ಸುಳ್ಳು ಹೇಳಿದ್ದು ಅದೊಂದೇ."

ಎಪ್ಪತ್ಮೂರರ ಮೇ ತಿಂಗಳ ಭಾನುವಾರ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬೆಳಗಿನ ಎಂಟಕ್ಕೇ ತಗಡಿನ ಸೂರು ಕಾಯತೊಡಗಿತ್ತು. ಸಂಜೆಯವರೆಗೆ ಹೆಣ ಇಟ್ಟುಕೊಳ್ಳುವ ಹಾಗಿರಲಿಲ್ಲ. ನಾಲ್ಕು ಗಂಟೆಗೆ ಮಣ್ಣು ಎಂದು ಪಾಸ್ಟರು ಹೇಳಿಕಳಿಸಿದ್ದರು.

ಪೆಟ್ಟಿಗೆಯೇನೋ ತಯಾರಿತ್ತು. ಮನೆಗೆ ಅಂಟಿಕೊಂಡ ಕಾರ್ಖಾನೆಯಲ್ಲಿ, ಎರಡು ಸ್ಟೂಲುಗಳ ಮೇಲೆ, ಹೊಸ ವಾರ್ನಿಷಿನ ವಾಸನೆ ಸೂಸುತ್ತ ಮಲಗಿತ್ತು. ಐದು ಅಡಿ ಎಂಟು ಇಂಚು. ಶನಿವಾರ ತೀರಿಕೊಂಡ, ಚರ್ಚಿನ ಖಜಾಂಚಿ ಭುಜಂಗಪ್ಪನವರ ಅಣ್ಣನಿಗೆಂದು ಮಾಡಿದ್ದು. ಮುಸ್ಸಂಜೆಗೆ ಕೆಲಸ ಮುಗಿಸಿ, ಕೈ ತೊಳೆದು, ಎರಡು ಜೋಳದ ರೊಟ್ಟಿ ಉಂಡು ಮಲಗಿದ ಸಮಾಧಾನಪ್ಪ ಬೆಳಿಗ್ಗೆ ಏಳಲಿಲ್ಲ.

ಭುಜಂಗಪ್ಪ ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ನೋಟಿನ ಪ್ರೆಸ್ಸಿನಲ್ಲಿ ಸೂಪರ್‌ವೈಸರು, ಇಸ್ತ್ರಿ ಮುರಿಯದ ಬಿಳಿ ಪ್ಯಾಂಟಿನ ಮನುಷ್ಯ. ಸ್ವಂತ ಅಣ್ಣನ ದುಃಖವನ್ನು ಹೊತ್ತುಕೊಂಡೇ ಬಂದಿದ್ದರು. ಅದಕ್ಕೆ ಅವರನ್ನು ಮೆಚ್ಚಲೇಬೇಕು.

"ನಾಗಮ್ಮಕ್ಕ, ಇವತ್ತು ಎಲ್ಲಾ ಕಟ್ಟಿಗಿ ವಖಾರ ಬಂದ್ ಅವ. ನಿಮಗ ಹಲಗಿ ಸಿಗಾಂಗಿಲ್ಲ. ಈ ಪೆಟ್ಟಿಗಿ ಸಮಾಧಾನಪ್ಪಗೇ ಇರಲಿ. ನಮ್ಮ ಅಣ್ಣಗ ದೇವಳಾಲಿಯಿಂದ ತರಸ್ತೀನಿ. ಇದರ ರೊಕ್ಕಾನೂ ನಾನೇ ಕೊಡ್ತೀನಿ."

ಕೂಡಿದ್ದವರೆಲ್ಲ "ಖರೆ, ಖರೆ" ಅಂದರು. ಪಾಸ್ಟರು ಕಣ್ಣುಮುಚ್ಚಿ, "ಕರ್ತನೇ ಒದಗಿಸಿದ" ಅಂದರು. ಸುವಾರ್ತಾಳಿಗೂ ಎದೆ ಹಗುರಾಯಿತು. ಅಪ್ಪನ ಕೈಯ ಕೆಲಸ, ಅಪ್ಪನಿಗೇ ಸರಿಹೊಂದುವ ಅಳತೆ. ಇನ್ನೇನು ಬೇಕು?

ಆದರೂ ಅವಳ ಕಣ್ಣು ಕಾರ್ಖಾನೆಯ ಬಾಗಿಲಿನ ಒಳಮೈ ಕಡೆ ಹೋಯಿತು. ಅಲ್ಲಿ ಅಪ್ಪ ಉಳಿಯಿಂದ ಕೊರೆದ ಗೀರುಗಳ ಸಾಲುಗಳಿದ್ದವು. ಪ್ರತಿ ಸಾಲಿಗೆ ಒಂಬತ್ತು ಗೀರು, ಕೊನೆಗೊಂದು ಶಿಲುಬೆ. ಅಂಥ ಹತ್ತು ಸಾಲು. ಹನ್ನೊಂದನೆಯದರಲ್ಲಿ ಒಂಬತ್ತು ಗೀರಿದ್ದವು, ಶಿಲುಬೆಯ ಜಾಗ ಖಾಲಿಯಿತ್ತು. ಪೆಟ್ಟಿಗೆ ಮನೆಯಿಂದ ಹೊರಟ ಮೇಲೆಯೇ ಅವನು ಗುರುತು ಹಾಕುತ್ತಿದ್ದುದು.

ಸುವಾರ್ತಾ ತಾಯಿಯನ್ನು ನೋಡಿದಳು. ತಾಯಿಯೂ ಬಾಗಿಲನ್ನೇ ನೋಡುತ್ತಿದ್ದಳು.

*

ಹುಮನಾಬಾದಿನ ಕಡೆಯಿಂದ ಗಂಡ ಹೆಂಡತಿ ನಾಸಿಕ್ ರೋಡಿಗೆ ಬಂದಿಳಿದ ವರ್ಷ, ಐವತ್ತೆಂಟರಲ್ಲಿ, ಸುವಾರ್ತಾಳ ಬೆನ್ನಿಗೆ ಹುಟ್ಟಿದ್ದ ಗಂಡುಮಗು ಜ್ವರದಲ್ಲಿ ತೀರಿಕೊಂಡಿತು. ಬಡಗಿಯ ಮನೆ ನಿಜ. ಆದರೆ ಒಂದು ಮೊಳ ಹಲಗೆ ಇರಲಿಲ್ಲ, ಕೊಳ್ಳಲು ದುಡ್ಡೂ ಇರಲಿಲ್ಲ. ಸಮಾಧಾನಪ್ಪ ರೈಲ್ವೆ ಗೂಡ್ಸ್ ಶೆಡ್ಡಿನ ಮುಂದೆ ಹೋಗಿ ನಿಂತ. ಅಲ್ಲಿ ಭಾಲ್ಕಿಯ ಶಿವರಾಯ ಎಂಬ ಲಿಂಗಾಯತ ವ್ಯಾಪಾರಿ ದ್ರಾಕ್ಷಿ ಪೆಟ್ಟಿಗೆ ಹೇರಿಸುತ್ತಿದ್ದ. ಒಂದು ಖಾಲಿ ಪೆಟ್ಟಿಗೆ ಎತ್ತಿಕೊಟ್ಟ.

"ನಾನು ಯಾರು ಅಂತ ನಿಮಗ ಗೊತ್ತಿಲ್ಲಲ್ರಿ" ಅಂದ ಸಮಾಧಾನಪ್ಪ.

"ಗೊತ್ತು ಮಾಡ್ಕೊಂಡು ಕೊಟ್ರ ಅದು ವ್ಯಾಪಾರ ಆಗ್ತದ, ತಮ್ಮಾ. ನೀ ಬಂದಿ, ಕೊಟ್ಟೆ. ಹೋಗು, ಹೊತ್ತಾಗ್ತದ."

ಮಗು ದ್ರಾಕ್ಷಿಯ ವಾಸನೆಯಲ್ಲಿ ಮಣ್ಣಿಗೆ ಹೋಯಿತು. ಅಂದಿನಿಂದ ನಾಗಮ್ಮ ದ್ರಾಕ್ಷಿ ತಿನ್ನಲಿಲ್ಲ. ಸಮಾಧಾನಪ್ಪ ಶವಪೆಟ್ಟಿಗೆ ಮಾಡತೊಡಗಿದ. ಬಾಗಿಲು ಕಿಟಕಿಯ ಗಳಿಕೆಯಲ್ಲಿ ಹತ್ತನೇ ಪಾಲು ಎಲ್ಲರಂತೆ ಚರ್ಚಿನ ಡಬ್ಬಿಗೆ ಹಾಕುತ್ತಿದ್ದ. ಪೆಟ್ಟಿಗೆಯ ದಶಮಾಂಶ ಮಾತ್ರ ಪೆಟ್ಟಿಗೆಯಲ್ಲೇ ಹೋಗಬೇಕು ಅಂದ. ಒಂಬತ್ತಕ್ಕೆ ಬೆಲೆ, ಹತ್ತನೆಯದಕ್ಕೆ ಇಲ್ಲ. ಹತ್ತನೆಯದು ಯಾರ ಪಾಲಿಗೆ ಬರುತ್ತದೋ ಅವರಿಗೆ. ಬೆಲೆ ಕೇಳಿದರೆ "ಇದು ದೇವರದು" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದ.

*

ಅದರಿಂದ ಪಟ್ಟ ಪಾಡು ನಾಗಮ್ಮನನ್ನೇ ಕೇಳಬೇಕು. ಹತ್ತನೆಯದು ಕೂಲಿಯವನಿಗೆ ಬಂದರೆ ಅವಳೂ ಸುಮ್ಮನಿರುತ್ತಿದ್ದಳು. ಔರಂಗಾಬಾದಿನಿಂದ ಮಗಳ ಬಾಣಂತನಕ್ಕೆ ಬಂದು ಇಲ್ಲೇ ಕಣ್ಣುಮುಚ್ಚಿದ ಬಡ ಮುದುಕಿಗೆ ಬಂದಾಗ ತಾನೇ ಒಳಗೆ ಹಾಸುವ ಬಿಳಿ ಬಟ್ಟೆ ಹೊಲಿದಿದ್ದಳು. ಆದರೆ ಅರವತ್ತೆಂಟರಲ್ಲಿ ಅದು ಓಝರ್ ವಿಮಾನ ಕಾರ್ಖಾನೆಯ ಒಬ್ಬ ದೊಡ್ಡ ಸಾಹೇಬನ ಹೆಂಡತಿಗೆ ಬಂತು. ಸಾಗುವಾನಿಯೇ ಬೇಕು, ಹಿತ್ತಾಳೆ ಹಿಡಿಯೇ ಬೇಕು ಎಂದಿದ್ದರು. ಮಾಡಿದ. ಜೀಪಿನಲ್ಲಿ ಬಂದ ಸಾಹೇಬ ಪಾಕೀಟು ತೆಗೆದರೆ, ದೇವರದು ಅಂದ.

ಅಂದು ಸೌಟು ಹಾರಿತು. "ಜೀಪಿನ್ಯಾಗ ಬಂದವರಿಗಿ ಪುಗಸಟ್ಟೆ, ಮಗಳ ಫೀಸಿಗಿ ಸಾಲ! ಹತ್ತನೇದು ಬಂತಂದ್ರ ನಮ್ಮನಿಗಿ ದಂಡ ಬಂತು" ಎಂದು ನಾಗಮ್ಮ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

ಸುದ್ದಿ ಚರ್ಚಿನ ಸಭೆಯವರೆಗೆ ಹೋಯಿತು. ಭುಜಂಗಪ್ಪ ಎದ್ದು ನಿಂತರು.

"ಹತ್ತನೇ ಪಾಲು ಭಂಡಾರಕ್ಕ ತರ್ರಿ ಅಂತದಾ ಶಾಸ್ತ್ರದಾಗ. ನೀ ಹತ್ತನೇ ಪೆಟ್ಟಿಗಿ ರೊಕ್ಕ ಇಲ್ಲಿ ತಂದಿಡು. ಯಾರು ಬಡವರು, ಯಾರಿಗಿ ಕೊಡಬೇಕು, ಕಮಿಟಿ ನೋಡ್ತದ. ಸಾವುಕಾರರಿಗಿ ದಾನ ಮಾಡೋದು ಯಾವ ಧರ್ಮ?"

ಮಾತಿನಲ್ಲಿ ತಪ್ಪಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗಿದರೂ, ಭುಜಂಗಪ್ಪ ಒಂದು ಪೈಸೆ ಆಚೀಚೆ ಮಾಡಿದವರಲ್ಲ. ಸಮಾಧಾನಪ್ಪ ತಲೆ ಕೆರೆದುಕೊಂಡ.

"ನಾ ಆರಿಸ್ಲಾಕ ಕುಂತ್ರ ನನಗ ಬೇಕಾದವರೇ ಕಣ್ಣಿಗಿ ಬೀಳ್ತಾರ್ರಿ. ಕಮಿಟಿ ಕುಂತ್ರ ಕಮಿಟಿಗಿ ಬೇಕಾದವರು. ಅದಕ್ಕ ಸರತಿ ಹಚ್ಚೀನಿ. ಸತ್ತವರ ಮನಿಯಾಗ ಸಾವುಕಾರ ಯಾರ್ರಿ?"

"ನಾಳಿ ಆ ಸರತಿ ನನಗೇ ಬಂದ್ರ? ನಾ ಈ ಜನ್ಮದಾಗ ಯಾರದೂ ಪುಗಸಟ್ಟೆ ಮುಟ್ಟಿದವನಲ್ಲ."

"ಬಂದ್ರ ನಿಮಗೇ" ಎಂದು ಸಮಾಧಾನಪ್ಪ ನಕ್ಕ. "ಮುಟ್ಟೋ ಕಷ್ಟ ನಿಮ್ಮದು."

*

"ಏನು ಯೋಚನಿ ಮಾಡ್ಲತೀರಿ, ಅಕ್ಕ?" ಭುಜಂಗಪ್ಪ ಕೇಳಿದರು. "ಗಾಡಿ ಕಳಸ್ಲಿ? ದೇವಳಾಲಿಗಿ?"

ನಾಗಮ್ಮ ಗೋಡೆ ಹಿಡಿದು ಎದ್ದಳು. "ಬ್ಯಾಡ್ರಿ. ಈ ಪೆಟ್ಟಿಗಿ ನಿಮ್ಮ ಅಣ್ಣೋರದು. ಒಯ್ರಿ."

"ಅವ್ವಾ!" ಅಂದಳು ಸುವಾರ್ತಾ.

"ಇದು ಹತ್ತನೇದು, ಭುಜಂಗಪ್ಪೋರೆ. ಬಾಗಲ ನೋಡ್ರಿ. ದೇವರ ಪಾಲು. ನಮ್ಮನಿಯವರನ್ನ ಇದರಾಗ ಮಲಗಿಸಿದ್ರ ದೇವರ ಪಾಲು ನಾವೇ ತಿಂದಂಗ ಆಗ್ತದ."

ಭುಜಂಗಪ್ಪನವರ ಕೈ ತಾನಾಗಿ ಪಾಕೀಟಿನ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಐದು ವರ್ಷದ ಹಿಂದಿನ ಸಭೆ ಎಲ್ಲರಿಗೂ ನೆನಪಿತ್ತು. ಅವರಿಗಂತೂ ಇದ್ದೇ ಇತ್ತು.

ಪಾಸ್ಟರು ಮೆಲ್ಲಗೆ ಹೇಳಿದರು, "ನಾಗಮ್ಮ, ಇಂಥಾ ದಿನ ದೇವರು ಲೆಕ್ಕ ಇಡಾಂಗಿಲ್ಲವ್ವ."

"ದೇವರು ಇಡಾಂಗಿಲ್ಲ ಅಂತ ಗೊತ್ತದ ಅಯ್ನೋರೆ. ಅದಕ್ಕೇ ನಮ್ಮನಿಯವರು ಇಟ್ಟಿದ್ರು."

ಸುವಾರ್ತಾ ತಾಯಿಯನ್ನು ಕಾರ್ಖಾನೆಯ ಮೂಲೆಗೆ ಎಳೆದಳು. ಅವಳಿಗೆ ಸಿಟ್ಟು ಬಂದಿತ್ತು. ಅಳುವೂ ಬಂದಿತ್ತು.

"ಹದಿನೈದು ವರ್ಷ ಇದಕ್ಕೇ ಬೈದಿ. ಸೌಟು ಒಗದಿ. ಈಗ ಅಪ್ಪನ್ನ ಯಾತರಾಗ ಒಯ್ಯೋದು? ಚಾಪಿಯಾಗ?"

"ಬೈದೆ. ಅವರು ಬಗ್ಗಾಂಗಿಲ್ಲ ಅನ್ನೋ ಧೈರ್ಯದ ಮ್ಯಾಲ ಬೈದೆ." ನಾಗಮ್ಮ ಬಾಗಿಲ ಕಡೆ ಕೈಮಾಡಿದಳು. "ಈಗ ಬಗ್ಗದೇ ನಿಲ್ಲೋರು ಯಾರಿದ್ದಾರ? ನಾ ಇವತ್ತು ಹೂಂ ಅಂದ್ರ, ಆ ಹತ್ತು ಶಿಲುಬಿ ಎಲ್ಲಾ ಸುಳ್ಳಾಗ್ತಾವ. ದೇವಳಾಲಿದೂ ಬ್ಯಾಡ, ಅವರ ಪೆಟ್ಟಿಗಿ ಈ ಮನಿಯಾಗೇ ಆಗಲಿ. ರಂಧಾ ಹಿಡಿಲಾಕ ಅಪ್ಪ ನಿನಗ ಕಲಿಸ್ಯಾರೋ ಇಲ್ಲೋ?"

ಕಲಿಸಿದ್ದ. ಗಂಡುಮಕ್ಕಳಿಲ್ಲದ ಮನೆಯೆಂದು ಅಲ್ಲ, ಅವಳ ಕಣ್ಣಳತೆ ಚೆನ್ನಾಗಿದೆ ಎಂದು. ಸುವಾರ್ತಾ ಗೋಡೆಯಿಂದ ಮರ ಹೆರೆಯುವ ರಂಧಾ ತೆಗೆದುಕೊಂಡಳು.

ಗೋಡೆಯ ಕಪಾಟಿನ ಹಲಗೆ ಕಿತ್ತರು. ಅವು ಎರಡು ಬದಿಗೆ ಆದವು. ಮಂಚದ ಹಲಗೆ ತಳಕ್ಕೆ ಬಂತು. ಎದುರಿನ ಉಡುಪಿ ಹೋಟೆಲಿನ ಹರಿದಾಸರು ಚಹಾದ ಕೆಟ್ಲು ಹಿಡಿದು ಬಂದವರು ನೋಡಿ, ಕೆಟ್ಲು ಕೆಳಗಿಟ್ಟು ಹೋದರು. ಮರಳಿದಾಗ ಅವರ ಹೆಗಲ ಮೇಲೆ ಒಂದು ಬೆಂಚಿನ ಹಲಗೆಯಿತ್ತು.

"ಇದು ಅವರೇ ಮಾಡಿದ್ದು ಮಾರಾಯ್ರೆ. ಹನ್ನೆರಡು ವರ್ಷ ಗಿರಾಕಿಗಳು ಕೂತು ಕೂತು ನಯ ಆಗಿ ಉಂಟು. ತಲೆ, ಕಾಲಿನ ಕಡೆಗೆ ಆದೀತಾ ನೋಡಿ."

"ಇದರ ಬೆಲೆ ಹೇಳ್ರಿ ಹರಿದಾಸಣ್ಣ" ಅಂದಳು ನಾಗಮ್ಮ. "ಹತ್ತನೇದು ಆಯ್ತು, ಇದು ಹೊಸ ಸಾಲಿನ ಮೊದಲನೇದು. ಇದಕ್ಕ ಬೆಲಿ ಅದಾ."

"ಎಂತ ಬೆಲೆ? ನಿಮ್ಮ ದೇವರಿಗೆ ಮಾತ್ರವಾ ಪಾಲು? ನಮ್ಮದು ಸ್ವಲ್ಪ ಇರಲಿ."

ನಾಗಮ್ಮ ಕೈಚಾಚಿ ಹಲಗೆ ಇಸಿದುಕೊಂಡಳು. ಆ ದಿನ ಅವಳು ಸೋತದ್ದು ಅದೊಂದೇ ಕಡೆ.

ಹಲಗೆಯ ಒಂದು ತುದಿ ಎತ್ತಿ ಹಿಡಿಯಲು ಆಳು ಬೇಕಿತ್ತು. ಸುವಾರ್ತಾ ತಲೆಯೆತ್ತದೆ, "ಯಾರರೆ ಹಿಡೀರಿ" ಅಂದಳು. ಹಿಡಿದ ಕೈಗಳು ಅಲುಗಲಿಲ್ಲ. ಗರಗಸ ಆಡುತ್ತ ಹೋದಂತೆ ಮರದ ಹೊಟ್ಟು ಒಂದು ಬಿಳಿ ಪ್ಯಾಂಟಿನ ಮೇಲೆ ಉದುರುತ್ತಿರುವುದು ಅವಳಿಗೆ ಕಂಡಿತು. ಭುಜಂಗಪ್ಪ ಹೊರಟಿರಲಿಲ್ಲ.

"ನಿಮ್ಮ ಮನಿಯಾಗ ಕಾಯ್ತಿರಬೇಕು, ಕಾಕಾ."

"ಕಾಯಲಿ. ಅಣ್ಣನ ಪೆಟ್ಟಿಗಿ ತಯಾರದಲ್ಲ." ಅವರು ಹಲಗೆಯನ್ನು ಸರಿಯಾಗಿ ಎದೆಗಾನಿಸಿಕೊಂಡರು. "ಇದು ಮುಗೀಲಿ. ಇಬ್ಬರೂ ಕೂಡೇ ಹೋಗಲಿ."

ಮುಚ್ಚಳಕ್ಕೆ ಮರ ಉಳಿಯಲಿಲ್ಲ. ಗಂಟೆ ಎರಡೂವರೆ. ಸುವಾರ್ತಾ ಸುತ್ತ ನೋಡಿದಳು. ಅವಳ ನೋಟ ಎಲ್ಲಿ ನಿಂತಿತೋ ಅಲ್ಲಿ, ಕಾರ್ಖಾನೆಯ ಬಾಗಿಲ ಬಳಿ, ತಾಯಿ ಆಗಲೇ ಹೋಗಿ ನಿಂತಿದ್ದಳು. ಬಿಜಾಗರಿಯ ಮೊಳೆಗಳನ್ನು ಕೀಳಲು ಇಬ್ಬರು ಗಂಡಸರು ಹೆಣಗಿದರು. ಸಮಾಧಾನಪ್ಪ ಹೊಡೆದ ಮೊಳೆ ಸುಲಭಕ್ಕೆ ಬರುವಂಥದಲ್ಲ. ಬಾಗಿಲು ಕಳಚಿ ಬಂದಾಗ ಕಾರ್ಖಾನೆಯೊಳಕ್ಕೆ ಬಿಸಿಲು ಒಮ್ಮೆಗೇ ನುಗ್ಗಿತು.

"ಗೀರು ಒಳಗ ಬರಬೇಕಾ, ಹೊರಗಾ?" ಸುವಾರ್ತಾ ಕೇಳಿದಳು.

"ಹೊರಗ" ಅಂದಳು ನಾಗಮ್ಮ. "ಹದಿನೈದು ವರ್ಷ ಒಳಗೇ ಇಟ್ಟಿದ್ರು. ಸಾಕು. ನನ್ನ ಗಂಡ ಏನು ಮಾಡಿದ ಅಂತ ಊರು ನೋಡಲಿ."

*

ಹರಿದಾಸರ ಟೆಂಪೋದಲ್ಲಿ ಎರಡು ಪೆಟ್ಟಿಗೆಗಳು ಅಕ್ಕಪಕ್ಕ ಹೋದವು. ಒಂದು ಹೊಸ ವಾರ್ನಿಷಿನದು. ಇನ್ನೊಂದರ ಬದಿ ಕಪಾಟಿನದು, ತಲೆಗಡೆ ಬೆಂಚಿನದು, ಮುಚ್ಚಳ ಬಾಗಿಲಿನದು. ಹಾಗೆ ತುಂಡು ತುಂಡು ಕೂಡಿಸಿದ್ದರೂ ಒಂದು ಸಂದಿನಲ್ಲೂ ಉಗುರು ಹೋಗುತ್ತಿರಲಿಲ್ಲ. ಸುವಾರ್ತಾ ಅದನ್ನು ಕಂಡು ಹೆಮ್ಮೆಪಟ್ಟಳು. ಅಂಥ ದಿನ ಹೆಮ್ಮೆಪಡಬಹುದೇ ಎಂದು ನಾಚಿಕೊಳ್ಳಲೂ ಇಲ್ಲ.

ಸಮಾಧಿ ಬಯಲಲ್ಲಿ ಜನ ಮೊದಲು ದೂರ ನಿಂತಿದ್ದರು. ಆಮೇಲೆ ಒಬ್ಬ ಮುದುಕ ಬಂದು ಮುಚ್ಚಳದ ಮೂರನೇ ಸಾಲಿನ ಶಿಲುಬೆಯ ಮೇಲೆ ಬೆರಳಿಟ್ಟು, "ಹೀ ಮಾಝ್ಯಾ ಪೋರೀಚೀ" ಎಂದ, ನನ್ನ ಮಗಳದ್ದು ಎಂದು. ಅವನ ಹಿಂದೆ ಇನ್ನೊಬ್ಬರು ಬಂದರು. ಮುಟ್ಟಿ ಮುಟ್ಟಿ ಮುಂದೆ ಸರಿದರು. ಯಾವ ಶಿಲುಬೆ ಯಾರದೆಂದು ಸಮಾಧಾನಪ್ಪ ಎಂದೂ ಬಾಯಿಬಿಟ್ಟಿರಲಿಲ್ಲ. ಆದರೂ ಬೆಲೆಯಿಲ್ಲದ ಪೆಟ್ಟಿಗೆಗಳ ಸರತಿಯನ್ನು ಊರು ಎಣಿಸುತ್ತಲೇ ಬಂದಿತ್ತು; ಅವರವರಿಗೆ ಅವರವರದು ಗೊತ್ತಿತ್ತು.

ಭುಜಂಗಪ್ಪನವರ ಅಣ್ಣನಿಗೆ ಮೊದಲು ಮಣ್ಣಾಯಿತು. ಕೈ ಒರೆಸಿಕೊಂಡು ಅವರು ಸುವಾರ್ತಾಳ ಬಳಿ ಬಂದರು. ಕಣ್ಣು ಕೆಂಪಾಗಿದ್ದವು.

"ನಮ್ಮದು ಹಾಕಿಲ್ಲಲ್ಲವ್ವ ಇನ್ನಾ."

ಅವಳು ಉಳಿ ತಂದಿದ್ದಳು. ಹನ್ನೊಂದನೇ ಸಾಲಿನ ಕೊನೆಗೆ ಶಿಲುಬೆ ಕೊರೆದಳು. ಹಳೆಯವೆಲ್ಲ ಎಣ್ಣೆಗಪ್ಪು ಬಣ್ಣದವು, ಇದೊಂದು ಬೆಳ್ಳಗೆ ಕಂಡಿತು. ಭುಜಂಗಪ್ಪ ಅದರ ಮೇಲೆ ಬೆರಳಿಟ್ಟು, ಎಲ್ಲರಿಗೂ ಕಾಣುವ ಹಾಗೆ, ಬಹಳ ಹೊತ್ತು ನಿಂತರು. ಆಮೇಲೆ ಹಗ್ಗದ ಒಂದು ತುದಿ ಹಿಡಿದು ಸಮಾಧಾನಪ್ಪನನ್ನು ಇಳಿಸಿದರು.

ಮರಳಿ ಬಂದಾಗ ಬಾಗಿಲಿಲ್ಲದ ಕಾರ್ಖಾನೆಯೊಳಗೆ ಸಂಜೆಯ ಗಾಳಿ ತಿರುಗಾಡುತ್ತಿತ್ತು. ಸುವಾರ್ತಾ ಮುಖ ತೊಳೆಯಲು ಹೋದಳು. ಸುತ್ತಿಗೆಯ ಸದ್ದು ಕೇಳಿ ತಿರುಗಿ ನೋಡಿದರೆ, ಜನ್ಮದಲ್ಲಿ ಉಳಿ ಮುಟ್ಟದ ತಾಯಿ ಖಾಲಿ ಚೌಕಟ್ಟಿನ ಮುಂದೆ ನಿಂತಿದ್ದಳು. ಮರದ ಮೇಲೆ, ಅವಳ ಕಣ್ಣೆತ್ತರಕ್ಕೆ, ಒಂದು ಗೀರು ಮೂಡಿತ್ತು. ಸೊಟ್ಟಗಿತ್ತು. ಅದರ ಪಕ್ಕ ಇನ್ನೂ ಒಂಬತ್ತಕ್ಕೆ ಜಾಗ ಬಿಟ್ಟಿದ್ದಳು.