ಸೊನ್ನೆ ಅಂಕದ ತಾಯಿ

ರೈಲು ಕೊಲ್ಲಂ ದಾಟುವಷ್ಟರಲ್ಲಿ ಪ್ರೇಮ ತನ್ನ ಯೂಟ್ಯೂಬ್ ಚಾನೆಲ್ಲಿನ ಆ ಎಪಿಸೋಡನ್ನು ಅಳಿಸಿಬಿಡುವುದೇ ಸರಿ ಎಂದು ತೀರ್ಮಾನಿಸಿದ್ದಳು. ಫೋನಿನಲ್ಲಿ ಅದರ ಹೆಸರಿನ ಮೇಲೆ ಬೆರಳಿಟ್ಟು ಹಿಡಿದಾಗ 'ಡಿಲೀಟ್' ಎಂಬ ಕೆಂಪಕ್ಷರ ಬಂತು. ಇನ್ನೊಂದು ಸಲ ಒತ್ತಿದರೆ ಮುಗಿಯಿತು. ಒತ್ತಬೇಕು ಅನ್ನುವಾಗಲೇ ಮಗಳ ಭಾವೀ ಅತ್ತೆಯ ಫೋನ್ ಬಂತು. ಮಂದಾಕಿನಿ.

"ಹೊರಟ್ರಾ ಪ್ರೇಮಾ ಅವರೇ? ನಾನಿಲ್ಲಿ ಹೋಳಿಗೆಗೆ ಕಣಕ ನಾದ್ತಾ ನಿಮ್ಮನ್ನೇ ಕೇಳ್ತಿದ್ದೀನಿ. ಆ ಸೇತುವೆ ಕತೆ ಎಪಿಸೋಡು. ಇದು ಎರಡನೇ ಸಲ. ಆ ತಾಯಿಗೆ ನೀವು ಸೊನ್ನೆ ಕೊಟ್ಟಿರಲ್ಲ, ಅಲ್ಲಿ ನಾನು ಒಬ್ಬಳೇ ಕೂತು ಚಪ್ಪಾಳೆ ಹೊಡೆದೆ!"

ಪ್ರೇಮ ಏನೋ ಒಂದು ನಗು ನಕ್ಕಳು. ಸಿಗ್ನಲ್ ಹೋಗುತ್ತಿದೆ ಎಂದು ಹೇಳಿ ಫೋನಿಟ್ಟಳು. ಸಿಗ್ನಲ್ ಚೆನ್ನಾಗಿಯೇ ಇತ್ತು. ಇನ್ನು ಅಳಿಸಿ ಪ್ರಯೋಜನವಿರಲಿಲ್ಲ. ಕೇಳಬಾರದವರು ಎರಡು ಸಲ ಕೇಳಿಯಾಗಿತ್ತು.

ಪ್ರೇಮ ಮೈಸೂರಿನವಳು. ಗಂಡ ಶಂಕರನಾರಾಯಣ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ ಎಂಜಿನಿಯರು. ಅಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಕೋವಿಡ್ಡಿನ ವರ್ಷ ಮನೆಯಲ್ಲಿ ಕೂತು ಕೂತು ಬೇಸರವಾದಾಗ ಒಂದು ಕೊರಿಯನ್ ಧಾರಾವಾಹಿ ನೋಡಿದಳು. ಅದು ಮುಗಿಯಿತು, ಇನ್ನೊಂದು ನೋಡಿದಳು. ಮೂರನೆಯದು ಮುಗಿಯುವ ಹೊತ್ತಿಗೆ ಅದರ ಬಗ್ಗೆ ಯಾರ ಹತ್ತಿರವಾದರೂ ಮಾತಾಡದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ ಅನ್ನಿಸಿತು. ಗಂಡ ಕೇಳುವವನಲ್ಲ. ಮಗಳು ಪಾವನಾ ಆಗಷ್ಟೇ ಕೊಚ್ಚಿಯ ಕಾಕ್ಕನಾಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಹೀಗಾಗಿ ಪ್ರೇಮ ಫೋನಿಗೇ ಮಾತಾಡಿ ಯೂಟ್ಯೂಬಿಗೆ ಹಾಕಿದಳು. ಮುಖ ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಚಾನೆಲ್ಲಿಗೆ 'ಸಬ್‌ಟೈಟಲ್ ಆಂಟಿ' ಎಂದು ಹೆಸರಿಟ್ಟಳು.

ಜನ ಕೇಳಿದರು. ಮೊದಲು ನೂರು, ಆಮೇಲೆ ಸಾವಿರ, ಈಗ ಹನ್ನೊಂದು ಸಾವಿರ. ಅವಳ ಮಾತಿನಲ್ಲಿ ಮುಲಾಜಿರಲಿಲ್ಲ. ಕೊರಿಯಾದವರ ಹದಿನಾರು ಕಂತಿನಲ್ಲಿ ಹನ್ನೊಂದು, ಹನ್ನೆರಡು ಬರೀ ಎಳೆದದ್ದು, ಆ ಹೊತ್ತಿನಲ್ಲಿ ಬೀನ್ಸ್ ಹೆಚ್ಚಿಕೊಳ್ಳಿ ಅನ್ನುವಳು. ಚೀನಾದ ಅರಮನೆ ಕತೆಗಳಲ್ಲಿ ಬೆಟ್ಟದ ತುದಿಯಿಂದ ಬಿದ್ದವರು ಯಾರೂ ಸಾಯುವುದಿಲ್ಲ, ಹತ್ತು ಕಂತಾದ ಮೇಲೆ ಕೂದಲು ಬೆಳ್ಳಗೆ ಮಾಡಿಕೊಂಡು ಬರುತ್ತಾರೆ, ನೀವು ಅಳಲು ಹೋಗಬೇಡಿ ಅನ್ನುವಳು. ಹುಡುಗಿಯ ಕೈ ಹಿಡಿದು ದರದರ ಎಳೆದುಕೊಂಡು ಹೋಗುವ ನಾಯಕ ಎಷ್ಟೇ ಚೆಲುವನಿರಲಿ, ಅವನಿಗೆ ಎರಡು ಅಂಕ ಕಡಿಮೆ. ತೈವಾನಿನವರ ಮನೆಗಳಲ್ಲಿ ಅತ್ತೆ ಮಾವ ಚಿಕ್ಕಪ್ಪ ಎಲ್ಲ ಒಟ್ಟಿಗೇ ಕೂತು ಜಗಳವಾಡುವುದು ಅವಳಿಗೆ ಇಷ್ಟ. ಎಲ್ಲಕ್ಕಿಂತ ಇಷ್ಟ ಜಪಾನಿನವರದು. ಪ್ರೀತಿಸುತ್ತೇನೆ ಎಂದು ಹೇಳದೆ, ಎದುರಿಗೆ ಕೂತು ಒಂದು ಬಟ್ಟಲು ಸಾರು ಕುಡಿದು ಎದ್ದು ಹೋಗುತ್ತಾರೆ, ನಮಗೆ ಇಲ್ಲಿ ಗಂಟಲು ಕಟ್ಟುತ್ತದೆ ಅನ್ನುವಳು.

ಹೋದ ವರ್ಷ ಒಂದು ಚೀನೀ ಕೌಟುಂಬಿಕ ಧಾರಾವಾಹಿ ನೋಡಿದ್ದಳು. ಸೇತುವೆಯ ಪಕ್ಕದ ಒಂದು ಮನೆಯ ಕತೆ. ಅದರಲ್ಲಿ ಹುಡುಗಿಗೆ ಹೃದಯದ ಕಾಯಿಲೆ. ತಾಯಿ ಅದನ್ನು ಗಂಡಿನವರಿಗೆ ಹೇಳದೆ ಮದುವೆ ಮಾಡುತ್ತಾಳೆ. ಆ ಎಪಿಸೋಡಿನಲ್ಲಿ ಪ್ರೇಮಳ ದನಿ ಏರಿತ್ತು. "ಬಡತನ ಮುಚ್ಚಿಟ್ಟರೆ ಕ್ಷಮಿಸಬಹುದು. ಹೆತ್ತ ಮಗಳ ಬಗ್ಗೆ ನಾಚಿಕೆಪಟ್ಟು ಸುಳ್ಳು ಹೇಳೋ ತಾಯಿಗೆ ನನ್ನ ಅಂಕ ಸೊನ್ನೆ."

ಹಾಗೆಂದು ಎಂಟು ತಿಂಗಳಾಗುವಷ್ಟರಲ್ಲಿ ಅವಳೇ ಅದನ್ನು ಮಾಡಿದ್ದಳು.

ಪಾವನಾಗೆ ಹದಿನಾಲ್ಕನೇ ವಯಸ್ಸಿನಿಂದ ಫಿಟ್ಸ್ ಇತ್ತು. ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿತ್ತು. ಕೊನೆಯ ಸಲ ಬಂದು ಎರಡು ವರ್ಷ ದಾಟಿತ್ತು. ಹುಬ್ಬಳ್ಳಿಯ ಒಂದು ಸಂಬಂಧ ಮಾತುಕತೆಯವರೆಗೆ ಬಂದಾಗ ಪ್ರೇಮ ಎಲ್ಲವನ್ನೂ ಹೇಳಿದ್ದಳು. ಮರುದಿನದಿಂದ ಅವರು ಫೋನೆತ್ತಲಿಲ್ಲ. ಒಂದು ವಾರ ಬಿಟ್ಟು ಜಾತಕ ಕೂಡಲಿಲ್ಲ ಎಂದು ಮೆಸೇಜ್ ಬಂತು. ಅದಾದ ಮೇಲೆ ಕೊಚ್ಚಿಯ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಂದಾಕಿನಿಯ ಪರಿಚಯವಾಯಿತು. ಚಿತ್ರದುರ್ಗದ ಕಡೆಯ ಹೈಸ್ಕೂಲು ಟೀಚರು, ನಿವೃತ್ತಿಯಾದ ಮೇಲೆ ಮಗ ತರುಣ್ ಜೊತೆ ಅಲ್ಲೇ ಎಡಪ್ಪಳ್ಳಿಯ ಫ್ಲ್ಯಾಟಿನಲ್ಲಿದ್ದರು. ಗಂಡ ತೀರಿಕೊಂಡಿದ್ದರು. ಮಲಯಾಳಂ ಬಾರದು, ಅಕ್ಕಪಕ್ಕ ಮಾತಿಲ್ಲ, ಹಗಲೆಲ್ಲ ಕೊರಿಯಾ, ಚೀನಾ, ಜಪಾನು. ಪ್ರೇಮ ಎರಡು ವಾಕ್ಯ ಆಡುವಷ್ಟರಲ್ಲಿ ಅವರು ಕೈ ಹಿಡಿದುಕೊಂಡಿದ್ದರು. "ನೀವು ಸಬ್‌ಟೈಟಲ್ ಆಂಟಿ! ಸುಳ್ಳು ಹೇಳಬೇಡಿ, ಈ ದನಿ ನಂಗೆ ಗೊತ್ತು."

ಪಾವನಾ, ತರುಣ್ ಒಬ್ಬರನ್ನೊಬ್ಬರು ನೋಡಿದರು, ಒಪ್ಪಿದರು. ಆರೋಗ್ಯದ ಮಾತು ಬಂದಾಗ ಪ್ರೇಮ "ಏನೂ ತೊಂದರೆ ಇಲ್ಲ" ಎಂದುಬಿಟ್ಟಳು. ಹುಬ್ಬಳ್ಳಿಯ ಮೆಸೇಜು ಕಣ್ಮುಂದೆ ಬಂದು, ಬಾಯಿಂದ ಆ ಮಾತು ತಾನಾಗಿ ಜಾರಿತ್ತು. ಮಂದಾಕಿನಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಸಬ್‌ಟೈಟಲ್ ಆಂಟಿಯ ಮನೆಯ ಹುಡುಗಿ, ಇನ್ನೇನು ವಿಚಾರಿಸುವುದು ಎಂದಿದ್ದರು.

ಇವತ್ತು ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಊಟ. ಶಂಕರನಾರಾಯಣ ಉಡಾವಣೆಯ ಕೆಲಸಕ್ಕೆ ಊರು ಬಿಟ್ಟಿದ್ದರಿಂದ ಪ್ರೇಮ ಒಬ್ಬಳೇ ಬಂದಿದ್ದಳು.

ಎಡಪ್ಪಳ್ಳಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಬಳಿ ಪಾವನಾ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು.

"ನಿದ್ದೆ ಮಾಡಿಲ್ವಾ? ಮಾತ್ರೆ ತಗೊಂಡ್ಯಾ?"

ಪಾವನಾ ಎಂದಿನಂತೆ ಮಲಯಾಳಂನಲ್ಲೇ ಉತ್ತರ ಕೊಟ್ಟಳು. ಮಾತ್ರೆ ತಗೊಂಡಿದ್ದೇನೆ, ನಿದ್ದೆ ಬರಲಿಲ್ಲ, ರಾತ್ರಿ ನಿನ್ನ ಎಪಿಸೋಡ್ ಕೇಳುತ್ತಿದ್ದೆ ಎಂದಳು. ಯಾವುದು ಎಂದು ಪ್ರೇಮ ಕೇಳಲಿಲ್ಲ.

"ನಾಚಿಕೆಪಟ್ಟು ಅಂತ ಹೇಳಿದ್ದೀಯ ಅದರಲ್ಲಿ," ಪಾವನಾ ಈ ಸಲ ಕನ್ನಡದಲ್ಲಿ ಹೇಳಿದಳು, ಒಂದೊಂದೇ ಪದ ಹುಡುಕಿಕೊಂಡು. "ಅಮ್ಮಾ, ನನ್ನ ಬಗ್ಗೆ ನಿಂಗೆ ನಾಚಿಕೆನಾ?"

"ಏನು ಮಾತು ಅಂತ ಆಡ್ತೀಯ! ನಿನ್ನ ಒಳ್ಳೇದಕ್ಕೇ..."

"ಅದರಲ್ಲಿ ಆ ತಾಯೀನೂ ಹಾಗೇ ಹೇಳ್ತಾಳೆ." ಪಾವನಾ ರಸ್ತೆಯ ಕಡೆ ನೋಡಿದಳು. "ಇನ್ನೊಂದು ವಿಷಯ ಹೇಳಬೇಕು. ತರುಣ್..."

"ಇವತ್ತೊಂದು ದಿನ ಸುಮ್ಮನಿರು, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಪ್ರೇಮ ಆಟೋಗೆ ಕೈ ಅಡ್ಡ ಹಿಡಿದಳು. ಆಟೋದಲ್ಲಿ ಪ್ರೇಮ ತನ್ನ ಬ್ಯಾಗನ್ನು ಎರಡು ಕೈಯಲ್ಲೂ ಅವುಚಿಕೊಂಡು ಕೂತಿದ್ದಳು. ಮಗಳು ಹೊರಗಿನ ಗಾಳಿಗೆ ಮುಖ ಕೊಟ್ಟು ಕೂತಿದ್ದಳು.

ಮಂದಾಕಿನಿಯ ಮನೆಯಲ್ಲಿ ತುಪ್ಪದ ಘಮ ತುಂಬಿತ್ತು. ಅವರು ಒಳ್ಳೆಯ ಸೀರೆ ಉಟ್ಟಿದ್ದರು, ಹೂ ಮುಡಿದಿದ್ದರು. ತರುಣ್ ನೀರು ತಂದುಕೊಟ್ಟು ಪಾವನಾಳ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು, ಇಲ್ಲ ಅನ್ನುವಂತೆ. ಪ್ರೇಮ ಅದನ್ನು ನೋಡಿದಳು, ಅರ್ಥವಾಗಲಿಲ್ಲ.

"ಊಟಕ್ಕೆ ಇನ್ನೂ ಹತ್ತು ನಿಮಿಷ. ಅಷ್ಟರಲ್ಲಿ ನಂದೊಂದು ಆಸೆ," ಎಂದು ಮಂದಾಕಿನಿ ರಿಮೋಟ್ ಎತ್ತಿಕೊಂಡರು. "ಆ ಸೀನು ನಿಮ್ಮ ಪಕ್ಕ ಕೂತು ನೋಡಬೇಕು. ನೀವು ಬಾಯಲ್ಲಿ ಹೇಳೋದನ್ನ ಎದುರಿಗೇ ಕೇಳಬೇಕು."

ಬೇಡ ಅನ್ನಲು ಪ್ರೇಮಳಿಗೆ ಯಾವ ಕಾರಣವೂ ಹೊಳೆಯಲಿಲ್ಲ. ಟಿವಿಯಲ್ಲಿ ಸೇತುವೆ ಬಂತು, ಮಂಜು ಬಂತು. ಹೊಸ ಸೊಸೆಯ ಕೈಚೀಲದಲ್ಲಿ ಅತ್ತೆಗೆ ಮಾತ್ರೆಯ ಸ್ಟ್ರಿಪ್ಪು ಸಿಕ್ಕಿತು. ಹುಡುಗಿಯ ತಾಯಿಯನ್ನು ಕರೆಸಿದರು. ತಾಯಿ ನಗುತ್ತ ಒಳಗೆ ಬಂದಳು, ಮೇಜಿನ ಮೇಲಿದ್ದ ಸ್ಟ್ರಿಪ್ಪು ನೋಡಿದಳು. ಆ ನಗು ಮುಖದಲ್ಲಿ ಹಾಗೇ ನಿಂತುಹೋಯಿತು.

ಹೋದ ವರ್ಷ ಇದನ್ನು ನೋಡಿದಾಗ ಪ್ರೇಮ ಅತ್ತೆಯ ಮುಖವನ್ನಷ್ಟೇ ನೋಡಿದ್ದಳು. ಈಗ ಅವಳ ಕಣ್ಣು ಆ ಸೊಸೆಯ ಮೇಲೆ ಹೋಯಿತು. ಮೂಲೆಯಲ್ಲಿ ನಿಂತಿದ್ದ ಆ ಹುಡುಗಿ ಯಾರನ್ನೂ ನೋಡುತ್ತಿರಲಿಲ್ಲ. ತಾನೇ ಆ ಮೇಜಿನ ಮೇಲೆ ಬಿದ್ದಿರುವ ಒಂದು ಸಾಮಾನು ಎಂಬಂತೆ ನಿಂತಿದ್ದಳು. ಪ್ರೇಮಳ ಪಕ್ಕದಲ್ಲಿ ಪಾವನಾ ಉಗುರು ಕಚ್ಚುತ್ತಿದ್ದಳು, ಹದಿನಾಲ್ಕನೇ ವಯಸ್ಸಿನಲ್ಲಿ ಬಿಟ್ಟ ಅಭ್ಯಾಸ.

"ಇಲ್ಲೇ ಅಲ್ವಾ ನೀವು ಸೊನ್ನೆ ಕೊಟ್ಟಿದ್ದು?" ಮಂದಾಕಿನಿ ಕೇಳಿದರು.

"ಟಿವಿ ಆರಿಸಿ ಮಂದಾಕಿನಿಯವರೇ."

"ಯಾಕೆ, ತಲೆನೋವಾ?"

"ಆರಿಸಿ."

ತರುಣ್ ಆರಿಸಿದ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಸದ್ದು ದೊಡ್ಡದಾಗಿ ಕೇಳತೊಡಗಿತು. ಹನ್ನೊಂದು ಸಾವಿರ ಜನರ ಮುಂದೆ ಎಂದೂ ತಡವರಿಸದ ಪ್ರೇಮ ಈಗ ಒಂದೊಂದೇ ವಾಕ್ಯ ತಡೆದು ತಡೆದು ಹೇಳಿದಳು.

"ಪಾವನಾಗೆ ಫಿಟ್ಸ್ ಇದೆ. ಹದಿಮೂರು ವರ್ಷದಿಂದ. ಮಾತ್ರೆ ತಗೋತಾಳೆ. ಎರಡು ವರ್ಷದಿಂದ ಬಂದಿಲ್ಲ. ನೀವು ಕೇಳಿದಾಗ ನಾನು ಏನೂ ಇಲ್ಲ ಅಂದೆ. ಅದು ಸುಳ್ಳು." ಮಗಳ ಕಡೆ ಕೈ ತೋರಿಸಿದಳು. "ಅವಳು ಮೊದಲ ದಿನದಿಂದ ಹೇಳು ಹೇಳು ಅಂತಿದ್ದಾಳೆ. ನಾನೇ ಬಾಯಿ ಮುಚ್ಚಿಸಿದ್ದು. ಹೆದರಿಕೆಯಿಂದ ಮಾಡಿದ್ದು ಅಂತ ಅಂದ್ಕೊಂಡಿದ್ದೆ. ನಾಚಿಕೆಯೂ ಇತ್ತೇನೋ. ಇತ್ತು."

ಪಾವನಾ ಉಗುರು ಕಚ್ಚುವುದನ್ನು ನಿಲ್ಲಿಸಿದಳು.

ಮಂದಾಕಿನಿ ರಿಮೋಟನ್ನು ಮೇಜಿನ ಮೇಲೆ ನೇರವಾಗಿ ಇಟ್ಟರು. ಮಗನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. ಮೂವತ್ತು ವರ್ಷ ಮಕ್ಕಳ ಮುಖ ಓದಿದವರಿಗೆ ಅಷ್ಟು ಸಾಕಾಯಿತು.

"ನಿಂಗೆ ಗೊತ್ತಿತ್ತೇನೋ?"

"ಗೊತ್ತಿತ್ತಮ್ಮಾ." ತರುಣ್ ತಲೆ ಎತ್ತಿದ. "ಎರಡನೇ ಸಲ ಭೇಟಿಯಾದಾಗಲೇ ಪಾವನಾ ಹೇಳಿದಳು. ನಿಂಗೆ ನಾನೇ ಹೇಳ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಧೈರ್ಯ ಬರಲಿಲ್ಲ."

"ಅಂದ್ರೆ ಗೊತ್ತಿಲ್ಲದೇ ಇದ್ದವಳು ನಾನೊಬ್ಬಳೇ."

ಅವರು ಎದ್ದು ಅಡುಗೆಮನೆಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಬೆನ್ನು ಕಾಣಿಸುತ್ತಿತ್ತು. ಸಿಂಕಿನ ಅಂಚನ್ನು ಹಿಡಿದು ನಿಂತಿದ್ದರು. ಪ್ರೇಮ ಏಳಹೋದಳು, ಪಾವನಾ ಅವಳ ಸೆರಗು ಹಿಡಿದು ಕೂರಿಸಿದಳು. ಕೆಳಗೆ ಯಾರೋ ಬೈಕು ತೊಳೆಯುತ್ತಿದ್ದರು, ನೀರಿನ ಸದ್ದು ನಿಂತು ಮತ್ತೆ ಶುರುವಾಯಿತು. ಸಂಬಂಧ ಮುರಿಯಿತು ಎಂದು ಪ್ರೇಮ ಮನಸ್ಸಿನಲ್ಲೇ ಒಪ್ಪಿಕೊಂಡಳು. ಹಿಂದಿರುಗುವ ರೈಲು ಎಷ್ಟು ಹೊತ್ತಿಗೆ ಎಂದೂ ಯೋಚಿಸಿದಳು.

ಮಂದಾಕಿನಿ ಹೊರಬಂದಾಗ ಮುಖ ತೊಳೆದಿದ್ದರು.

"ಕಾಯಿಲೆಗೆ ಹೆದರಿಕೆ ಇಲ್ಲ ಅಂತ ದೊಡ್ಡ ಮಾತು ಆಡಲಾರೆ. ಇದೆ. ನನ್ನ ಕ್ಲಾಸಲ್ಲಿ ಒಂದು ಹುಡುಗಿ ಹೀಗೇ ಬಿದ್ದಿತ್ತು. ನಾನು ಗಾಬರಿಯಲ್ಲಿ ಅದರ ಕೈಗೆ ಬೀಗದ ಕೈ ಗೊಂಚಲು ತುರುಕಿದೆ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ." ಪಾವನಾಳನ್ನು ನೋಡಿದರು. "ನಿನ್ನ ಡಾಕ್ಟರನ್ನ ನಾನು ನೋಡಬೇಕಮ್ಮಾ. ನಿಂಗೆ ಒಪ್ಪಿಗೆ ಇದ್ರೆ. ಅಲ್ಲೀವರೆಗೆ ನಾನು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ."

"ಸರಿ ಆಂಟಿ," ಎಂದಳು ಪಾವನಾ.

"ಈಗ ಊಟ ಮಾಡಿ. ಅನ್ನ ಆರಿಹೋಗ್ತಿದೆ."

ನಾಲ್ಕು ಜನ ಕೂತು ಉಂಡರು. ಮಂದಾಕಿನಿ ಎಲ್ಲರಿಗೂ ಹೋಳಿಗೆ ಬಡಿಸಿದರು, ಪ್ರೇಮಳ ತಟ್ಟೆಗೂ. ಆದರೆ ಇನ್ನೊಂದು ಹಾಕಿಸಿಕೊಳ್ಳಿ ಎಂದು ಅವಳಿಗೆ ಮಾತ್ರ ಹೇಳಲಿಲ್ಲ.

ಮುಂದಿನ ಹನ್ನೆರಡು ದಿನ ಪ್ರೇಮ ಒಂದು ಎಪಿಸೋಡೂ ಮಾಡಲಿಲ್ಲ. ಹೊಸ ಜಪಾನೀ ಕತೆಯೊಂದನ್ನು ಹಾಕಿ ಮೂರನೇ ನಿಮಿಷಕ್ಕೆ ನಿಲ್ಲಿಸಿದಳು. ಫೋನ್ ರಿಂಗಾದರೆ ಮಂದಾಕಿನಿಯೇ ಇರಬೇಕೆಂದು ಓಡಿಹೋಗಿ ನೋಡುತ್ತಿದ್ದಳು. ಊರಿಗೆ ಮರಳಿದ ಶಂಕರನಾರಾಯಣ ಎಲ್ಲ ಕೇಳಿ, "ಸುಮ್ಮನಿದ್ದದ್ದು ನಂದೂ ತಪ್ಪೇ" ಎಂದು ಕನ್ನಡಕ ಒರೆಸುತ್ತ ಕೂತ.

ಹದಿಮೂರನೆಯ ದಿನ, ಗುರುವಾರ, ಪಾವನಾಳ ಡಾಕ್ಟರಿದ್ದ ತಿರುವನಂತಪುರದ ಆಸ್ಪತ್ರೆಗೆ ಮಂದಾಕಿನಿ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದರು. ಟೋಕನ್ ಕರೆದಾಗ ಪ್ರೇಮಳೂ ಎದ್ದಳು.

"ನೀವು ಇಲ್ಲೇ ಕೂತಿರಿ," ಎಂದರು ಮಂದಾಕಿನಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ನಾನೂ ಅವಳೂ ಹೋಗಿ ಬರ್ತೀವಿ."

ಮೂವತ್ತೈದು ನಿಮಿಷ. ಒಳಗಿನಿಂದ ಒಮ್ಮೆ ಮಂದಾಕಿನಿಯ ದನಿ ಏರಿದ್ದು ಕೇಳಿಸಿತು, ಮಾತು ಕೇಳಿಸಲಿಲ್ಲ. ಪ್ರೇಮ ಗೋಡೆಯ ಮೇಲಿನ ಮಲಯಾಳಂ ಸೂಚನೆಗಳನ್ನೆಲ್ಲ ಓದಿ ಮುಗಿಸಿದಳು. ಮತ್ತೆ ಮೊದಲಿನಿಂದ ಓದಿದಳು.

ಬಾಗಿಲು ತೆರೆದು ಇಬ್ಬರೂ ಹೊರಬಂದರು. ಮಂದಾಕಿನಿ ನಡೆಯುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು.

"ಒಂದು ಮಗ್ಗುಲಿಗೆ ಮಲಗಿಸಬೇಕು. ಬಾಯಿಗೆ ಏನೂ ಇಡಬಾರದು. ಆಮೇಲೆ?"

"ಗಡಿಯಾರ ನೋಡಬೇಕು ಆಂಟಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್."

"ಕೈಗೆ ಕಬ್ಬಿಣ?"

"ಬೇಡವೇ ಬೇಡ."

"ಹಾಗಾದ್ರೆ ಆ ಹುಡುಗಿಗೆ ನಾನು ಮಾಡಿದ್ದು ತಪ್ಪು," ಎಂದು ಮಂದಾಕಿನಿ ಒಂದು ಕ್ಷಣ ನಿಂತರು. ಆಮೇಲೆ ಪ್ರೇಮಳ ಮುಂದೆ ಬಂದರು. "ಫೆಬ್ರವರೀಲಿ ಇಟ್ಟುಕೊಳ್ಳೋಣ ಮದುವೆ. ತರುಣ್ ಜೊತೆ ನಂದು ಬೇರೆ ಲೆಕ್ಕ ಇದೆ, ಅದನ್ನ ಮನೇಲಿ ತೀರಿಸ್ತೀನಿ. ಹುಡುಗಿ ಮೇಲೆ ನಂಗೆ ಏನೂ ಇಲ್ಲ."

"ನನ್ನ ಮೇಲೆ?" ಕೇಳಬಾರದಿತ್ತು, ಪ್ರೇಮಳ ಬಾಯಿಂದ ಬಂದುಬಿಟ್ಟಿತು.

ಮಂದಾಕಿನಿ ನೋಟ್‌ಬುಕ್ ಮುಚ್ಚಿ ಬ್ಯಾಗಿನೊಳಗಿಟ್ಟರು. "ನಿಮ್ಮ ದನಿ ನಾಲ್ಕು ವರ್ಷ ನಂಗೆ ಆ ಫ್ಲ್ಯಾಟಿನಲ್ಲಿ ಜೊತೆಗಿತ್ತು ಪ್ರೇಮಾ ಅವರೇ. ಅದಕ್ಕೇ ಹೆಚ್ಚು ನೋವಾಗಿದ್ದು. ಸ್ವಲ್ಪ ದಿನ ಹೋಗಲಿ."

ಗೇಟಿನ ಹೊರಗೆ ರೈಲ್ವೆ ಸ್ಟೇಷನ್ನಿಗೆಂದು ಕರೆಸಿದ್ದ ಆಟೋ ನಿಂತಿತ್ತು. ಮಂದಾಕಿನಿ ಮೊದಲು ಹತ್ತಿ, ಕೈ ನೀಡಿ ಪಾವನಾಳನ್ನು ಪಕ್ಕಕ್ಕೆ ಕೂರಿಸಿಕೊಂಡರು. ಅವಳ ಮಾತ್ರೆಯ ಹೊತ್ತು ಯಾವುದೆಂದು ಕೇಳುತ್ತಿದ್ದದ್ದು ಆಟೋ ಹೊರಡುವವರೆಗೂ ಕೇಳಿಸಿತು. ಪ್ರೇಮ ಹಿಂದೆ ಬರುತ್ತಿದ್ದ ಇನ್ನೊಂದು ಆಟೋಗೆ ಕೈ ತೋರಿಸಿದಳು. ಹತ್ತಿ ಕೂತು, ಮುಂದಿನ ಆಟೋದ ಹಿಂದೆಯೇ ಹೋಗು ಎಂದು ಡ್ರೈವರಿಗೆ ಹೇಳಿದಳು.